ತಲೆ ಮುಂದಾಗಿ ಹುಟ್ಟಿದವಳು

ಮೊನ್ನೆ ಬೆಳಿಗ್ಗೆ ಹಾಲು ತರಲು ಹೊರಟವಳು ಓಣಿಯ ತಿರುವಿನಲ್ಲಿ ನಿಂತುಬಿಟ್ಟೆ. ತಿರುವಿನ ಮನೆಯನ್ನು ಕೆಡವುತ್ತಿದ್ದಾರೆ. ಜತ್ತಿನ ನಮ್ಮ ಓಣಿಯಲ್ಲಿ ಉಳಿದಿದ್ದ, ಚಾವಣಿಗೆ ಮಣ್ಣು ಹಾಸಿದ ಕೊನೆಯ ಮಾಳಿಗೆ ಮನೆ ಅದು. ಮಾಳಿಗೆಯ ಮೇಲಿದ್ದ ಬಿಳಿ ಮಣ್ಣನ್ನು ರಸ್ತೆಯ ಬದಿಗೆ ಗುಡ್ಡೆ ಹಾಕಿದ್ದರು. ಹಿಂದಿನ ದಿನ ಬಿದ್ದ ನಾಲ್ಕು ಹನಿಗೆ ಅದು ನೆನೆದು, ಹಳೆಯ ಬೂದಿ, ಬಾವಲಿಯ ಹಿಕ್ಕೆ, ಉಪ್ಪು ಎಲ್ಲ ಕಲೆತ ವಾಸನೆ ಏಳುತ್ತಿತ್ತು. ಹೊಲದ ಮಣ್ಣಿಗೆ ಈ ವಾಸನೆ ಇಲ್ಲ. ಅತ್ತಿತ್ತ ನೋಡಿ, ಯಾರೂ ಕಾಣುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದು ಚಿಟಿಕೆ ತೆಗೆದು ನಾಲಗೆಯ ತುದಿಗಿಟ್ಟುಕೊಂಡೆ. ಉಪ್ಪುಪ್ಪಾಗಿತ್ತು. ಮಾಳಿಗಿ ಕಾಕಾ ತಂದು ಹಾಕಿದ ಮಣ್ಣೇ ಅದು…

ಕಾಕಾ ನಮ್ಮ ಎದುರುಮನೆಯವನು. ರಕ್ತಸಂಬಂಧವೇನೂ ಇರಲಿಲ್ಲ. ಮಳೆಗಾಲಕ್ಕೆ ಮುಂಚೆ ಓಣಿಯ ಮಾಳಿಗೆಗಳಿಗೆಲ್ಲ ಹೊಸ ಮಣ್ಣು ಹಾಸಿ ಬಡಿಯುವುದು ಅವನ ಕೆಲಸವಾದ್ದರಿಂದ ಎಲ್ಲರಿಗೂ ಮಾಳಿಗಿ ಕಾಕಾ. ಅದಕ್ಕೆ ಹಾಳಮಣ್ಣೇ ಆಗಬೇಕು. ಎಂದೋ ಜನ ಬಿಟ್ಟುಹೋದ ಮನೆ, ವಾಡೆ, ಬುರುಜುಗಳು ಕುಸಿದು ಆದ ಬಿಳಿ ಮಣ್ಣು ಅದು. ಅದರಲ್ಲಿ ಹುಲ್ಲು ಹುಟ್ಟುವುದಿಲ್ಲ, ನೀರು ಇಳಿಯುವುದಿಲ್ಲ. ಜತ್ತಿನ ಸುತ್ತ ಅಂಥ ಹಾಳು ಕಟ್ಟಡಗಳಿಗೇನು ಬರವಿರಲಿಲ್ಲ. ದರಿಬಡಚಿ ರಸ್ತೆಯ ಬದಿಯ ಮುರುಕು ಬುರುಜು, ಮೇಲ್ಛಾವಣಿ ಹೋದ ಕುದುರೆ ಲಾಯ, ಎಲ್ಲಕ್ಕಿಂತ ದೊಡ್ಡದು ಊರ ಹೊರಗಿನ ಹಾಳು ವಾಡೆ, ಹಳೆಯ ಕಾಲದ ಕೋಟೆಯಂಥ ಮನೆ. ಕಾಕಾ ತನ್ನೆರಡು ಕತ್ತೆಗಳ ಮೇಲೆ ಗೋಣಿಚೀಲ ಹಾಕಿಕೊಂಡು ಎಲ್ಲ ಕಡೆ ತಿರುಗುತ್ತಿದ್ದ. ಒಂದು ಚಿಟಿಕೆ ನಾಲಗೆಗಿಟ್ಟು ರುಚಿ ನೋಡಿಯೇ ಸಲಿಕೆ ಹಚ್ಚುತ್ತಿದ್ದ.

ಸಾಲೆಗೆ ಸೂಟಿ ಇದ್ದ ದಿನ ನಾನೂ ಅವನ ಬೆನ್ನು ಹತ್ತುತ್ತಿದ್ದೆ. ಹೋಗುವಾಗ ಕತ್ತೆಯ ಮೇಲೆ, ಬರುವಾಗ ನಡಿಗೆ. ವಾಡೆಯೊಳಗೆ ಕಾಲಿಟ್ಟರೆ ನನಗೆ ಬೇರೆಯದೇ ಊರು. ಮೇಲೆ ಹೋಗಿ ಆಕಾಶದಲ್ಲಿ ಮುಗಿಯುವ ಮೆಟ್ಟಿಲು, ನಾನು ಕಾಲು ಮಡಚಿ ಕೂರುವಷ್ಟು ದೊಡ್ಡ ಗೂಡು, ಗಚ್ಚಿನ ಗೋಡೆಯಲ್ಲಿ ಕೊಕ್ಕು ಮುರಿದ ಗಿಳಿ. "ಇದು ಅಡಿಗಿ ಮನಿ ನೋಡವಾ. ಗ್ವಾಡಿಗಿ ಇನ್ನೂ ಮಸಿ ಐತಿ" ಎಂದು ಕಾಕಾ ತೋರಿಸುತ್ತಿದ್ದ. ನಾನು ಬೆರಳಿಂದ ತಿಕ್ಕಿ, ಯಾರದೋ ಒಲೆಯ ಮಸಿಯನ್ನು ಮನೆಗೆ ತರುತ್ತಿದ್ದೆ.

ಆಗಲೇ ಒಂದು ಸಂಗತಿ ನನಗೆ ಸೋಜಿಗವೆನಿಸುತ್ತಿತ್ತು. ಹಾಳು ಮನೆ ಹೊಕ್ಕವರು ಯಾರೇ ಆಗಲಿ ಮೊದಲು ಮೇಲೆ ನೋಡುತ್ತಾರೆ, ಎಲ್ಲಿ ಕಲ್ಲು ಬೀಳುತ್ತದೋ ಎಂದು. ಕಾಕಾ ನೆಲ ನೋಡುತ್ತಿದ್ದ. ನನ್ನನ್ನು ಹೊರಗೆ ನಿಲ್ಲಿಸಿ, ಒಂದೊಂದು ಕೋಣೆಯ ನೆಲವನ್ನೂ ನೋಡಿ ಬಂದು, ಆಮೇಲೆ ಒಳಗೆ ಕರೆಯುತ್ತಿದ್ದ.

ನನ್ನ ವಿಷಯವನ್ನೂ ಇಲ್ಲಿ ಹೇಳಬೇಕು. ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವರನ್ನು ನಮ್ಮ ಕಡೆ ಪಾಯಾಳು ಎನ್ನುತ್ತಾರೆ. ನಾನು ಪಾಯಾಳು. ನನ್ನನ್ನು ಹಿಡಿದವಳು ಕಾಕಾನ ಹೆಂಡತಿ. ಓಣಿಯ ಹೆರಿಗೆಗಳೆಲ್ಲ ಅವಳ ಕೈಯಲ್ಲೇ ಆಗುತ್ತಿದ್ದವು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಆಕೆ ತೀರಿಕೊಂಡಿದ್ದಳು. ಪಾಯಾಳುವಿನ ಕಾಲು ಸೋಕಿದರೆ ಬೆನ್ನಿನ ಉಳುಕು ಬಿಡುತ್ತದೆ ಎಂಬ ನಂಬಿಕೆ. ನೀರಿನ ಕೊಡ ಎತ್ತುವಾಗ ಉಳುಕಿಸಿಕೊಂಡ ಹೆಂಗಸರು ನಮ್ಮ ಪಡಸಾಲೆಯಲ್ಲಿ ಬೋರಲು ಮಲಗುತ್ತಿದ್ದರು; ನಾನು ಗೋಡೆ ಹಿಡಿದು ಅವರ ಸೊಂಟಕ್ಕೆ ಮೆಲ್ಲಗೆ ಒದೆಯುತ್ತಿದ್ದೆ. ಏಳುವಾಗ ಕೈಗೆ ಶೇಂಗಾದ ಉಂಡಿ ಕೊಡುತ್ತಿದ್ದರು. ಆ ವಯಸ್ಸಿಗೆ ಅದೊಂದು ದೊಡ್ಡ ಅಧಿಕಾರವೇ.

ಪಾಯಾಳುವಿನ ಬಗ್ಗೆ ಇನ್ನೊಂದು ಮಾತಿತ್ತು. ಅದನ್ನು ಅವ್ವನ ಮುಂದೆ ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ. ಪಾಯಾಳುವಿನ ಕಣ್ಣಿಗೆ ಮಂತ್ರಿಸಿದ ಕಾಡಿಗೆ ಹಚ್ಚಿದರೆ ನೆಲದೊಳಗಿನ ನಿಧಿ ಕಾಣುತ್ತದಂತೆ. ನಿಧಿ ಕೈಗೆ ಬರಬೇಕಾದರೆ ಅದಕ್ಕೊಂದು ಜೀವ ಕೊಡಬೇಕಂತೆ…

ದೀಪಾವಳಿ ಸೂಟಿಯ ಒಂದು ದಿನ ವಾಡೆಗೆ ಹೋದಾಗ ಕಾಕಾ ಅಡಿಗೆಮನೆಯಿಂದ ಲಗುಬಗೆಯಿಂದ ಹೊರಬಂದ. ಅವನ ಹಿಂದಿನ ಸಂದಿನಲ್ಲಿ ನನಗೆ ಕಂಡದ್ದಿಷ್ಟು: ಹೊಸದಾಗಿ ಅಗೆದ ಕುಣಿ, ಅದರ ದಂಡೆಗೆ ಅರಿಸಿನ. ನನ್ನ ತೋಳು ಹಿಡಿದು ಹೊರಗೆ ತಂದ ಕಾಕಾ ಬಗ್ಗಿ, "ನಿಮ್ಮ ಮನಿಗಿ ನಿನ್ನ ಕೇಳಕೋತ ಯಾರರೆ ಬಂದಿದ್ರೇನವಾ? ನೆನಪ ಮಾಡ್ಕೋ" ಎಂದ. ಅವನ ಬಾಯಿಗೆ ಆಗಷ್ಟೇ ರುಚಿ ನೋಡಿದ ಮಣ್ಣಿನ ವಾಸನೆ ಇತ್ತು. ಆ ದಿನ ಒಂದು ಚೀಲ ಮಣ್ಣೂ ತುಂಬಲಿಲ್ಲ.

ಮನೆಗೆ ಬಂದು ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು.

"ಕುಣಿ ಇತ್ತು?"

"ಹೂಂ."

"ಅರಿಷಿಣ ಹಾಕಿತ್ತು?"

"ಹೂಂ."

"ಮಾಳಿಗಿ ಕೆಲಸ ಬ್ಯಾಸಿಗ್ಯಾಗ. ದೀಪಾವಳ್ಯಾಗ ಅಲ್ಲೇನ ಕೆಲಸ ಇವಂಗ? ಬರೇ ಚೀಲ ಒಯ್ತಾನ, ಬರೇ ಚೀಲ ತರ್ತಾನ. ನನಗ ಮೊದಲಿಂದ ಒಂದ ಸಂಶಯ ಇತ್ತು" ಎಂದು ಹೆಂಚಿನ ಮೇಲಿನ ರೊಟ್ಟಿ ಕರಕಾಗುವವರೆಗೆ ಎದುರುಮನೆಯ ಬಾಗಿಲನ್ನೇ ನೋಡಿದಳು. ಅಪ್ಪ ಸಾಂಗಲಿಯ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ. ತಿಂಗಳಿಗೊಮ್ಮೆ ಬಂದರೆ ಬಂದ. ಕಾಕಾನ ಕತ್ತೆಗಳ ಹತ್ತಿರವೂ ನಾನು ಸುಳಿಯಬಾರದೆಂದು ತಾಕೀತಾಯಿತು. ಕಾಕಾ ಮಜ್ಜಿಗೆ ಕೇಳಲು ಬಂದರೆ ಅವ್ವ ಹೊಸ್ತಿಲ ಹೊರಗೇ ಕೊಟ್ಟು ಕಳಿಸುತ್ತಿದ್ದಳು. ನಾನೂ ಕಿಟಕಿಯಿಂದ ಅವನನ್ನು ಕಾಯತೊಡಗಿದೆ. ಸಲಿಕೆ ಹಿಡಿದು ಹೊರಡುತ್ತಿದ್ದ, ಮೊಣಕಾಲವರೆಗೆ ಬಿಳಿ ಮಣ್ಣಾಗಿ ಮರಳುತ್ತಿದ್ದ. ಚೀಲಗಳು ಖಾಲಿ.

ಕೆಲವು ದಿನಗಳಾದ ಮೇಲೆ ನಮ್ಮ ಮನೆಗೆ ಒಬ್ಬ ಮನುಷ್ಯ ಬಂದ. ಇಸ್ತ್ರಿ ಅಂಗಿ, ಕೈಯಲ್ಲಿ ಚೀಲ, ಬಾಯಿ ತುಂಬ ನಗು. ಅಪ್ಪನ ಸೋದರತ್ತೆಯ ಕಡೆಯವನೆಂದು ಹೇಳಿ, ಅವ್ವ ಅತ್ತಿಗೆಯಾಗಬೇಕೆಂದು ಬಾಯಿ ತುಂಬ ವೈನಿ ಎಂದ. ನನಗೆ ಲೇಸು ಹಚ್ಚಿದ ಕೆಂಪು ಫ್ರಾಕು, ಒಂದು ಡಬ್ಬಿ ಪೇಡೆ ತಂದಿದ್ದ.

"ಹೇಂತಿ ಬೆನ್ನ ಹಿಡದೈತ್ರಿ ವೈನಿ. ಎದ್ದ ಕುಂದರಲಾಕ ಆಗವಲ್ದು. ಕೂಸಿನ್ನ ನನ್ನ ಸಂಗಾಟ ಕಳಸ್ರಿ, ಎಲ್ಡ ದಿನಕ್ಕ ನಾನೇ ತಂದ ಬಿಡ್ತೀನಿ."

"ಅವರಪ್ಪ ಊರಾಗಿಲ್ರಿ…"

"ಅವಂಗ ನಾ ಹೇಳ್ತೀನಲ್ರಿ. ನಮ್ಮ ಮನಷ್ಯಾರ ಮ್ಯಾಲ ಇಷ್ಟ ಸಂಶಯ?"

ಆ ಮಾತಿಗೆ ಅವ್ವ ನಾಚಿದಳು. ಚಹಾ ಕೊಟ್ಟು, ನನ್ನ ತಲೆ ಬಾಚಲು ಕೂತಳು. ನಾನು ಫ್ರಾಕನ್ನು ಎದೆಗೆ ಹಿಡಿದು ಅಳತೆ ನೋಡಿಕೊಳ್ಳುತ್ತಿದ್ದೆ. ಆಗ ಕಾಕಾ, ಯಾರೂ ಕರೆಯದೆ, ಕತ್ತೆಯ ಹಗ್ಗವನ್ನು ಕೈಯಲ್ಲೇ ಹಿಡಿದು ನಮ್ಮ ಹೊಸ್ತಿಲ ಮೇಲೆ ಬಂದು ಕೂತ.

"ಏನ ಸಾಹೇಬ್ರ, ಪಾಯಾಳು ಬೇಕಾಗಿತ್ತೇನು? ಹಂಗಾರ ಬ್ಯಾರೆ ಮನಿ ನೋಡ್ರಿ. ಈ ಕೂಸು ತಲಿ ಮುಂದಾಗಿ ಹುಟ್ಟೈತಿ."

"ಕಾಕಾ, ಏನ ಮಾತಾಡ್ಲಾಕತ್ತೀರಿ!" ಅವ್ವನ ಕೈಯಲ್ಲಿನ ಹಣಿಗೆ ಜಾರಿತು.

"ಖರೇನ ಮಾತಾಡ್ಲಾಕತ್ತೀನಿ. ಹಡಸಿದಾಕಿ ನನ್ನ ಹೇಂತಿ. ನಿನಗಿಂತ ಚಲೋ ಆಕಿಗಿ ಗೊತ್ತಿತ್ತು. ಹೆಂಗಸರು ಉಂಡಿ ತಂದ ಕೊಡ್ತಾರಂತ ನೀ ಊರ ತುಂಬ ಹಂಗ ಹೇಳ್ಕೋತ ಬಂದಿ. ಹೋಗಲಿ ಬಿಡು, ಓಣಿ ಮಂದಿಗಾದ್ರ ನಡೀತದ. ಪರ ಊರವರಿಗಿ ಯಾಕ ಮೋಸ ಮಾಡ್ತಿ?"

ಬಂದವನು ಅವ್ವನ ಮುಖ ನೋಡಿದ. ಸಿಟ್ಟಿಗೆ ಅವಳ ಬಾಯಿಂದ ಮಾತೇ ಹೊರಡಲಿಲ್ಲ. ಅದನ್ನವನು ಒಪ್ಪಿಗೆಯೆಂದೇ ತಿಳಿದಿರಬೇಕು. ಅರ್ಧ ಚಹಾ ಕೆಳಗಿಟ್ಟ. ನನ್ನ ಕೈಯಿಂದ ಫ್ರಾಕನ್ನು ತೆಗೆದು, ಮಡಚಿ, ಚೀಲಕ್ಕೆ ಹಾಕಿಕೊಂಡ. ಪೇಡೆಯ ಡಬ್ಬಿ ಆಗಲೇ ತೆರೆದಿತ್ತು, ಅದನ್ನು ಬಿಟ್ಟ. ಹೆಂಡತಿಯ ಬೆನ್ನಿನ ಸುದ್ದಿಯನ್ನು ಮತ್ತೆ ಎತ್ತಲಿಲ್ಲ. "ಬರ್ತೀನ್ರಿ" ಎಂದವನು ತಿರುಗಿ ನೋಡದೆ ಹೋದ.

ಅವ್ವ ಮೊದಲು ಕಾಕಾನ ಮೇಲೆಯೇ ಹರಿಹಾಯ್ದಳು. ಓಣಿಯೊಳಗೆ ನನ್ನ ಮರ್ಯಾದಿ ಕಳೆದಿರಿ, ಸತ್ತವಳ ಹೆಸರಿನ ಮೇಲೆ ಸುಳ್ಳು ಹೇಳಿದಿರಿ ಎಂದು. ಕಾಕಾ ಹಗ್ಗ ಸುತ್ತಿಕೊಂಡು ಎದ್ದುಹೋದ. ನಾನು ಫ್ರಾಕಿಗಾಗಿ ನೆಲಕ್ಕೆ ಬಿದ್ದು ಅಳುತ್ತಿದ್ದೆ. ನನ್ನನ್ನು ಎತ್ತಿಕೊಳ್ಳಲು ಬಗ್ಗಿದ ಅವ್ವ ಹಾಗೇ ನಿಂತಳು.

"ಅಲ್ಲಾ… ಕೂಸಿಗಿ ಕೊಟ್ಟ ಫ್ರಾಕ ಯಾಕ ತಿರಗಿ ಒಯ್ದ?"

ಮರುದಿನ ಬೆಳಿಗ್ಗೆ ಅವ್ವ ನನ್ನ ಕೈ ಬಿಗಿಯಾಗಿ ಹಿಡಿದು ಹಾಳು ವಾಡೆಗೆ ನಡೆದಳು. ಅವಳು ಅಲ್ಲಿಗೆ ಹೋದದ್ದು ಅದೊಂದೇ ಸಲ. ಅಡಿಗೆಮನೆಯಲ್ಲಿ ಕಾಕಾ ಸಲಿಕೆಯಿಂದ ಕುಣಿ ಮುಚ್ಚುತ್ತಿದ್ದ. ಇದು ಬೇರೆ ಕುಣಿ, ಹೊಸದು. ದಂಡೆಯ ಮೇಲೆ ಲಿಂಬೆಹಣ್ಣು, ಅರಿಸಿನ, ಒಂದು ಜೊತೆ ಹಸಿರು ಬಳೆ. ಅವ್ವ ಬಳೆ ಎತ್ತಿ ನೋಡಿದಳು. ಚಿಕ್ಕವು. ಆಮೇಲೆ ನನ್ನ ಕೈ ನೋಡಿದಳು. ಬಳೆಗಳು ಅವಳ ಕೈಯಿಂದ ಬಿದ್ದವು.

"ಎಷ್ಟ ಸಲ ಮುಚ್ಚಿದ್ರೂ ಮತ್ತ ಅಗೀತಾರ. ಇಂಥಾವು ಕಂಡಲ್ಲೆಲ್ಲ ಮುಚಗೋತ ಬಂದೀನಿ" ಎಂದ ಕಾಕಾ, ತಲೆ ಎತ್ತದೆ.

"ಕಾಕಾ, ಈಕಿ ಕಾಲ ಮುಂದಾಗೇ ಹುಟ್ಯಾಳ. ನಿಮಗೂ ಗೊತ್ತೈತಿ."

"ಗೊತ್ತೈತಿ ತಂಗಿ. ಆವತ್ತ ಬಾಗಲ ಹೊರಗ ನಾನೇ ಕುಂತಿದ್ದೆ."

"ಮತ್ತ?"

ಕಾಕಾ ಸಲಿಕೆಯ ಹಿಡಿಯಿಂದ ಮೂಲೆಯ ಕತ್ತಲೆಯ ಬಾಯಿಯನ್ನು ತೋರಿಸಿದ. ಕೆಳಗೆ ನೆಲಮಾಳಿಗೆ ಇತ್ತಂತೆ. "ನಾನೂ ಪಾಯಾಳು. ಸಣ್ಣಾಂವ ಇದ್ದಾಗ ನನಗೂ ಒಬ್ಬಾಂವ ಹೊಸಾ ಅಂಗಿ ತಂದಿದ್ದ, ಮಾಮಾ ಅಂತ ಹೇಳಿ. ಹಗ್ಗ ಕಟ್ಟಿ ಅಲ್ಲಿ ಇಳಿಸಿದ್ರು. ಗ್ವಾಡಿ ಕುಸೀತು. ಬಿಟ್ಟ ಓಡಿ ಹ್ವಾದ್ರು. ಕುರಿ ಕಾಯವರು ನನ್ನ ಅಳೂದು ಕೇಳಿ ಮ್ಯಾಲ ತಗದ್ರು…" ಅಷ್ಟು ಹೇಳಿ ಮತ್ತೆ ಮಣ್ಣೆಳೆಯತೊಡಗಿದ.

ಅವ್ವ ಅವನನ್ನು ಪೂರ್ತಿ ನಂಬಿದಳೆಂದು ಹೇಳಲಾರೆ. ಅಂದಿನಿಂದ ಅವಳು ಯಾರನ್ನೂ ಪೂರ್ತಿ ನಂಬಿದ್ದು ನಾನು ಕಂಡಿಲ್ಲ. ಆದರೆ ಆ ಸಂಜೆಯೇ ನಲ್ಲಿಯ ಕಟ್ಟೆಗೆ ಹೋಗಿ, ಎಲ್ಲರಿಗೂ ಕೇಳುವ ಹಾಗೆ, "ಖರೇ ಐತ್ರೆವಾ. ಉಂಡಿ ಆಸೆಕ್ಕ ಸುಳ್ಳ ಹೇಳಿದ್ದೆ. ನನ್ನ ಮಗಳು ತಲಿ ಮುಂದಾಗೇ ಹುಟ್ಯಾಳ" ಎಂದಳು. ಕಾಕಾ ಹೇಳಿದ್ದು ಸುಳ್ಳೆಂದು ಹಿಂದಿನ ದಿನವಷ್ಟೇ ಜಗಳವಾಡಿದವಳು! "ನಮ್ಮ ಉಂಡಿ ತಿರಗಿ ಕೊಡು ಮತ್ತ" ಎಂದು ಹೆಂಗಸರು ನಕ್ಕರು. ಬಹಳ ದಿನ ಅವಳಿಗೆ ಉಂಡಿ ವೈನಿ ಎಂದೇ ಹೆಸರಾಯಿತು. ನನ್ನ ಅಧಿಕಾರ ಮುಗಿಯಿತು. ನಮ್ಮ ಪಡಸಾಲೆಯಲ್ಲಿ ಮತ್ತೆ ಯಾರೂ ಬೋರಲು ಮಲಗಲಿಲ್ಲ. ಆ ಇಸ್ತ್ರಿ ಅಂಗಿಯವನು ಯಾರೆಂದು ಅಪ್ಪನಿಗೂ ತಿಳಿಯಲಿಲ್ಲ. ನಿಜಕ್ಕೂ ಅವನ ಹೆಂಡತಿಯ ಬೆನ್ನು ನೋಯುತ್ತಿತ್ತೇನೋ… ಇರಬಹುದು.

ನಾನು ದೊಡ್ಡವಳಾಗಿ ಮದುವೆ ಗೊತ್ತಾದ ವರ್ಷ, ಕಾಕಾ ಮಾಳಿಗೆ ಬಡಿಯುವಾಗ ಬೆನ್ನು ಉಳುಕಿಸಿಕೊಂಡ. ಎಣ್ಣೆ, ಶಾಖ, ಲೇಪ ಯಾವುದಕ್ಕೂ ನೋವು ಬಗ್ಗಲಿಲ್ಲ. ನನ್ನನ್ನು ಕರೆಯುವ ಹಾಗಿರಲಿಲ್ಲ. ಕರೆದರೆ ತನ್ನ ಮಾತು ತಾನೇ ಸುಳ್ಳು ಮಾಡಿದಂತೆ. ಒಂದು ಮಧ್ಯಾಹ್ನ ಅವ್ವ ನನ್ನ ಕೈಗೆ ಮಜ್ಜಿಗೆಯ ತಂಬಿಗೆ ಕೊಟ್ಟು, "ಹೋಗು. ಒಳಗ ಹೋಗಿ ಕದ ಹಾಕ್ಕೊ" ಎಂದಳು. ಕಾಕಾ ಚಾಪೆಯ ಮೇಲೆ ಬೋರಲಾಗಿ ಮಲಗಿದ್ದ. ಕದ ಹಾಕಿದ ಸದ್ದಿಗೆ ಅವನಿಗೆ ಎಲ್ಲ ತಿಳಿಯಿತು. ಗೋಡೆ ಹಿಡಿದು, ಎಷ್ಟೋ ವರ್ಷಗಳ ಮೇಲೆ, ಅವನ ಸೊಂಟದ ಮೇಲೆ ಕಾಲಿಟ್ಟೆ. "ಸಾವಕಾಶ ಒದಿಯವಾ. ಹಾಳ ಗ್ವಾಡಿ ಇದು" ಎಂದು ನಕ್ಕ. ಉಳುಕು ಬಿಟ್ಟಿತೋ ಇಲ್ಲವೋ ಇಂದಿಗೂ ನನಗೆ ಗೊತ್ತಿಲ್ಲ.

ಕಾಕಾ ಹೋಗಿ, ಅಪ್ಪನೂ ಹೋಗಿ ಬಹಳ ವರ್ಷವಾಯಿತು. ಅವ್ವ ತೀರಿಕೊಂಡದ್ದು ಕಳೆದ ಚಳಿಗಾಲದಲ್ಲಿ; ಅವಳ ಮನೆಯಲ್ಲಿ ಈಗ ನಾನಿದ್ದೇನೆ. ವಾಡೆಯನ್ನು ಸಪಾಟು ಮಾಡಿ ಪ್ಲಾಟು ಹಾಕಿದ್ದಾರೆ. ಗಿಳಿ, ಮೆಟ್ಟಿಲು, ಮಸಿ ಯಾವುದೂ ಇಲ್ಲ.

ಮೊನ್ನೆ ನಾನು ಬಾಯಿಯ ಮಣ್ಣು ಉಗುಳುತ್ತಿದ್ದಾಗ ಮನೆ ಕೆಡವುವ ಜೇಸಿಬಿಯ ಡ್ರೈವರ್ ಹುಡುಗ ಸೊಂಟ ಹಿಡಿದುಕೊಂಡು ಹತ್ತಿರ ಬಂದ. "ಮಾವಶಿ, ನೀವು ಪಾಯಾಳು ಅಂತ ಯಾರೋ ಅಂದ್ರು. ಬೆನ್ನಿಗಿ ಒಂದೀಟ ಕಾಲ ಹಚ್ಚತೀರೇನ್ರಿ? ಭಾಳ ತ್ರಾಸ ಆಗ್ಲಾಕತ್ತೈತಿ" ಎಂದ. ಮುಖ ನೋಡಿದರೆ ನೋವು ನಿಜವೇ ಇರಬೇಕು. ಆದರೂ ನನ್ನ ಕಣ್ಣು ಅವನ ಕೈ ನೋಡಿತು, ಚೀಲಗೀಲ ಇದೆಯೇನೋ ಎಂದು.

"ಇಲ್ಲಪಾ. ನಾ ತಲಿ ಮುಂದಾಗಿ ಹುಟ್ಟಿದಾಕಿ. ಯಾರೋ ಸುಳ್ಳ ಹೇಳ್ಯಾರ."

ಅವನು ಸೊಂಟ ಹಿಡಿದುಕೊಂಡೇ ಮಶಿನ್ನಿಗೆ ಮರಳಿದ. ನಾನು ಹಾಲಿನ ಪಾತ್ರೆ ಎತ್ತಿಕೊಂಡು ಮುಂದೆ ನಡೆದೆ. ಹಿಂದೆಲ್ಲ ಈ ಮಾತು ಹೇಳಿದಾಗ, ಇದು ಸುಳ್ಳೆಂದು ಗೊತ್ತಿದ್ದವರು ಎದುರುಮನೆಯಲ್ಲಿ ಒಬ್ಬ, ನಮ್ಮ ಮನೆಯಲ್ಲಿ ಒಬ್ಬಳು ಇರುತ್ತಿದ್ದರು. ಈಗ ನಾನೊಬ್ಬಳೇ.