ಪ್ರಾಮಾಣಿಕತೆಯಲ್ಲಿ ಫೇಲಾದವಳು

ಬೇರೆಯವರ ಹಾಗೆ ಬರೆಯುವುದು ಅವಳಿಗೆ ಚಿಕ್ಕಂದಿನಲ್ಲೇ ಒಲಿದ ವಿದ್ಯೆ. ಅಣ್ಣನ ಮನೆಪಾಠವನ್ನು ಅಣ್ಣನ ಸೊಟ್ಟ ಅಕ್ಷರದಲ್ಲೇ ಬರೆದುಕೊಟ್ಟಳು. ಕಾಲೇಜಿನಲ್ಲಿ ಗೆಳತಿಯರ ಹಾಜರಿಗೆ ಅವರವರ ದನಿಯಲ್ಲಿ ಓಗೊಟ್ಟಳು. ಸಂಶೋಧನಾ ವಿದ್ಯಾರ್ಥಿನಿಯಾಗಿ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಬಂದಾಗ ಅಲ್ಲಿನವರು ಅವಳ ಬೆಲೆ ಬೇಗ ಕಂಡುಕೊಂಡು ‘ಬದಲಿ’ ಎಂದು ಹೆಸರಿಟ್ಟರು. ಯಾರಿಗೆ ನೆಗಡಿಯಾದರೂ, ಯಾರ ಮನೆಗೆ ನೆಂಟರು ಬಂದರೂ ಬದಲಿ ಇದ್ದಾಳಲ್ಲ. ಅವಳೂ ನಗುತ್ತಿದ್ದಳು. ನಾಲ್ಕು ಜನಕ್ಕೆ ಬೇಕಾದವಳಾಗುವುದೆಂದರೆ ಇದೇ ಎಂದು ನಂಬಿದ್ದಳು, ಪಾಪ.

ಆ ಪ್ರಯೋಗಾಲಯಕ್ಕೆ ಸರ್ಕಾರದ ಗುತ್ತಿಗೆಯೊಂದು ಸಿಕ್ಕಿತ್ತು. ನೀರು ಸೋಸುವ ಹೊಸ ಯಂತ್ರವನ್ನು ಶಾಲೆಗಳಿಗೆ ಕೊಡಬಹುದೇ ಎಂದು ಪರೀಕ್ಷಿಸಿ ಹೇಳಬೇಕು. ನೀರಿನ ಶುದ್ಧಿಯ ಬಗ್ಗೆ ನಾಡಿಗೇ ತೀರ್ಪು ಕೊಡಲು ಹೊರಟವರ ಸ್ವಂತ ನಲ್ಲಿ ಹಗಲೆಲ್ಲ ತೊಟ್ಟಿಕ್ಕುತ್ತ, ಕೆಳಗಿಟ್ಟ ಮಗ್ಗಿನಲ್ಲಿ ತುಕ್ಕಿನ ಬಣ್ಣದ ಕೊಳವೊಂದನ್ನು ಸಾಕುತ್ತಿತ್ತು. ಯಂತ್ರ ಕೆಲವು ದಿನ ಚೆನ್ನಾಗಿ ಸೋಸುತ್ತಿತ್ತು, ಕೆಲವು ದಿನ ಬಂದ ಕೊಳೆಯನ್ನು ಬಂದ ಹಾಗೇ ಬೀಳ್ಕೊಡುತ್ತಿತ್ತು. ಮುಖ್ಯಸ್ಥರಾದ ಪ್ರೊಫೆಸರರು ಎರಡನೆಯ ಬಗೆಯ ದಿನಗಳನ್ನು ‘ಅಳತೆಯ ಉಪಕರಣದ ದೋಷ’ ಎಂಬ ಚೀಲಕ್ಕೆ ತುಂಬಿಸುತ್ತಿದ್ದರು. ಚೀಲದ ಬಾಯಿ ಕಟ್ಟುವವಳು ಬದಲಿ. ಅವಳ ಸ್ವಂತ ಪಿಎಚ್‌ಡಿ ಪ್ರಬಂಧ ನಿಂತಿದ್ದೂ ಇದೇ ಕೆಲಸದ ಮೇಲೆ. ಹಾಗಾಗಿ ಗಂಟು ಬಿಗಿಯಾಗಿಯೇ ಬೀಳುತ್ತಿತ್ತು.

ಅಷ್ಟರಲ್ಲಿ ಸರ್ಕಾರಕ್ಕೆ ಏನು ಹೊಳೆಯಿತೋ, ಗುತ್ತಿಗೆಯಲ್ಲಿರುವ ಪ್ರತಿಯೊಬ್ಬರೂ ಸಂಶೋಧನಾ ಪ್ರಾಮಾಣಿಕತೆಯ ಪರೀಕ್ಷೆಯನ್ನು ಕಂಪ್ಯೂಟರಿನಲ್ಲಿ ಪಾಸು ಮಾಡಬೇಕೆಂದು ಆಜ್ಞೆ ಬಂತು. ಮೂರು ಸಲ ತಪ್ಪಿದವರು ಯೋಜನೆಯಿಂದ ಹೊರಗೆ. ಪ್ರೊಫೆಸರರು ಸಭೆ ಕರೆದು, ಪ್ರಾಮಾಣಿಕತೆ ಹೇಳಿಕೊಟ್ಟು ಬರುವಂಥದ್ದಲ್ಲ, ರಕ್ತದಲ್ಲಿ ಬರಬೇಕು ಎಂದು ಎದೆಯ ಮೇಲೆ ಕೈಯಿಟ್ಟು ಹೇಳಿದರು. ಆಮೇಲೆ ಎಲ್ಲರ ಪಾಸ್‌ವರ್ಡ್‌ಗಳನ್ನೂ ಬದಲಿಯ ಕೈಗೆ ಒಪ್ಪಿಸಿದರು. ಪ್ರೊಫೆಸರರ ಪಾಸ್‌ವರ್ಡ್ ಅವರದೇ ಹೆಸರು, ಮುಂದೆ ಒಂದು ‘ಮಹಾ’.

ಸಂಜೆಯೊಳಗೆ ಇಡೀ ವಿಭಾಗ ಪ್ರಾಮಾಣಿಕವಾಯಿತು. ಪ್ರೊಫೆಸರರಿಗೆ ನೂರಕ್ಕೆ ನೂರು. ಪ್ರಮಾಣಪತ್ರಗಳು ಗಾಜಿನ ಚೌಕಟ್ಟಿನೊಳಗೆ ಕುಳಿತು ಹಜಾರದ ಗೋಡೆ ಏರಿದವು.

ಉಳಿದದ್ದು ಅವಳದೊಂದೇ. ಆದರೆ ಅದೇ ಪಾಠವನ್ನು ಮತ್ತೆ ಮತ್ತೆ ಓದಿದ್ದರಿಂದ ಒಂದು ಅನಾಹುತ ಆಗಿಹೋಗಿತ್ತು: ಪಾಠ ಅವಳಿಗೆ ಅರ್ಥವಾಗಿತ್ತು. ‘ಬೇರೆ ಯಾರ ಪರವಾಗಿಯೂ ನಾನು ಈ ಪರೀಕ್ಷೆ ಬರೆದಿಲ್ಲ’ ಎಂಬ ಸಾಲು ಮೊದಲ ಪುಟದಲ್ಲೇ ಇತ್ತು. ಉಳಿದವರ ಖಾತೆಯಲ್ಲಿ ಕಣ್ಣುಮುಚ್ಚಿ ಗುರುತು ಹಾಕಿದ್ದವಳಿಗೆ ತನ್ನ ಖಾತೆಯಲ್ಲಿ ಬೆರಳು ಮೇಲೇಳಲಿಲ್ಲ. ಹೊಸಿಲಲ್ಲಿ ನಿಂತ ಮಗುವಿನ ಹಾಗೆ ಆ ಸಾಲು ಅವಳನ್ನೇ ನೋಡುತ್ತಿತ್ತು.

ಎರಡು ದಿನ ಕಾದ ಪ್ರೊಫೆಸರರು ತಾವೇ ಅವಳ ಮೇಜಿನ ಹತ್ತಿರ ಬಂದರು.

“ಒಂದು ಟಿಕ್ ಅಷ್ಟೇ ಅಲ್ವೇನಮ್ಮಾ? ನಿನ್ನಿಂದ ಗುತ್ತಿಗೆಯೇ ನಿಂತುಹೋಗಿದೆ.”

“ಅದು ಸುಳ್ಳಾಗುತ್ತೆ ಸರ್.”

“ಯಾರಿಗೆ ಗೊತ್ತಾಗುತ್ತೆ?”

“ನಿಮಗೆ ಗೊತ್ತಲ್ಲ ಸರ್.”

ಅವರು ಅವಳನ್ನು, ಮೇಜು ಮಾತಾಡಿದರೆ ನೋಡುವಂತೆ ನೋಡಿದರು. ಆಮೇಲೆ, “ಏಳು, ನಾನೇ ಬರೀತೀನಿ” ಎಂದು ತೆರೆದಿದ್ದ ಅವಳ ಕಂಪ್ಯೂಟರಿನ ಮುಂದೆ ಕೂತರು. ಆ ಸಾಲಿಗೆ ಟಿಕ್ ಬಿತ್ತು, ಅವರ ಮುಖದಲ್ಲಿ ಒಂದು ನೆರಿಗೆಯೂ ಅಲುಗಲಿಲ್ಲ. ಮೊದಲ ಪ್ರಶ್ನೆ ಬಂತು: ನಿರೀಕ್ಷೆಗೆ ಒಗ್ಗದ ಫಲಿತಾಂಶ ಬಂದರೆ ಏನು ಮಾಡುತ್ತೀರಿ? ಪ್ರೊಫೆಸರರು ತಡಮಾಡದೆ ‘ಮುಖ್ಯಸ್ಥರು ಹೇಳಿದಂತೆ ಮಾಡುತ್ತೇನೆ’ ಎಂಬುದನ್ನು ಒತ್ತಿದರು. ಪರದೆ ಕೆಂಪಾಯಿತು. ಮುಂದಿನದೂ ಕೆಂಪು. ಮೊದಲ ಸಲ ಫೇಲು. ಎರಡನೆಯ ಸಲವೂ ಅದೇ.

ಮೂರನೆಯ ಸಲ ಅವರು ತಿರುಗಿ ನೋಡದೆ, ದನಿ ತಗ್ಗಿಸಿ, “ಯಾವುದಮ್ಮಾ ಇದು?” ಎಂದರು.

ಉತ್ತರ ಅವಳ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಪಾಸು, ಯೋಜನೆಯಲ್ಲಿ ಜಾಗವೂ ಇರುತ್ತದೆ, ಪ್ರಬಂಧವೂ ಉಳಿಯುತ್ತದೆ. ಇಷ್ಟು ವರ್ಷ ಕೇಳುವ ಮೊದಲೇ ಹೇಳಿಕೊಟ್ಟವಳು ಅಂದು ಬಾಯಿ ಬಿಡಲಿಲ್ಲ. ಮಗ್ಗಿನೊಳಗೆ ನಲ್ಲಿ ತೊಟ್ಟಿಕ್ಕುವುದನ್ನು ಕೇಳುತ್ತ ನಿಂತಳು. ಪ್ರೊಫೆಸರರು ಊಹೆಯ ಮೇಲೆ ಒತ್ತಿದರು. ಪರದೆ ಕೆಂಪಾಗಿ, ಅವಳ ಹೆಸರಿನ ಪಕ್ಕದಲ್ಲಿ ‘ಅನುತ್ತೀರ್ಣ’ ಎಂದು ಬಂದು, ಮುಚ್ಚಿಕೊಂಡಿತು.

ಮರುದಿನದ ಸಭೆಯಲ್ಲಿ ಪ್ರೊಫೆಸರರು ಸಾವಿನ ಮನೆಯಲ್ಲಿ ಮಾತಾಡುವವರ ದನಿ ತಂದುಕೊಂಡು, ಪ್ರಾಮಾಣಿಕತೆಯಲ್ಲಿ ಫೇಲಾದವರಿಗೆ ನಮ್ಮಲ್ಲಿ ಜಾಗವಿಲ್ಲ, ನಿಯಮ ಎಂದರೆ ನಿಯಮ ಎಂದರು. ಚೌಕಟ್ಟಿನೊಳಗಿದ್ದವರೆಲ್ಲ ತಲೆಯಾಡಿಸಿದರು. ಬದಲಿಗೆ ಬದಲಿಯಾಗಿ ಒಬ್ಬರೂ ಮಾತಾಡಲಿಲ್ಲ. ಯೋಜನೆಯ ಜೊತೆಗೆ ಅವಳ ಪ್ರಬಂಧವೂ ಹೋಯಿತು.

ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಮ್ಮ ಕೇಳಿದ್ದು ಒಂದೇ ಮಾತು. “ಊರಿನವರದ್ದೆಲ್ಲ ಪಾಸು ಮಾಡಿಸ್ದೆ. ನಿನ್ನದು ಮಾತ್ರ ಹೇಗೆ ಫೇಲಾಯ್ತೇ?”

“ನನ್ನದು ಮಾತ್ರ ನಾನು ಬರೀಲಿಲ್ಲಮ್ಮ.”

ಅಮ್ಮ ಅರ್ಥವಾಗದೆಯೂ ನಕ್ಕಳು. ಅವಳಿಗೂ ನಗು ಬಂತು, ಆಮೇಲೆ ಅಳು.

ಕೆಲವು ವಾರ ಕಳೆದ ಮೇಲೆ ಪ್ರೊಫೆಸರರ ಫೋನು ಬಂತು. ಸರ್ಕಾರದವರು ಎಲ್ಲರನ್ನೂ ಎದುರಿಗೆ ಕೂರಿಸಿಕೊಂಡು ಮತ್ತೆ ಪರೀಕ್ಷೆ ಬರೆಸುತ್ತಾರಂತೆ. ಅವರ ದನಿಯಲ್ಲಿ ಎಂದೂ ಇಲ್ಲದ ಬೆಣ್ಣೆ.

“ಒಂದು ಗಳಿಗೆ ಬಂದು ಹೇಳಿಕೊಟ್ಟುಬಿಡಮ್ಮಾ. ನಿನ್ನ ಪ್ರಬಂಧದ ವಿಚಾರ ನಾನು ನೋಡ್ಕೋತೀನಿ.”

ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು. ಆಸೆ ಇರಲಿಲ್ಲವೆಂದಲ್ಲ.

“ಫೇಲಾದವಳ ಹತ್ತಿರ ಪಾಠ ಹೇಳಿಸ್ಕೋತಾರಾ ಸರ್? ಪುಸ್ತಕ ತೆಗೆದು ಓದ್ಕೊಳ್ಳಿ” ಎಂದು ಫೋನು ಇಟ್ಟಳು. ಅದು ಮತ್ತೆ ರಿಂಗಾಯಿತು.

“ಎತ್ತಬಾರದೇನೇ?” ಎಂದಳು ಅಮ್ಮ.

“ಬೇಡಮ್ಮ. ಪರೀಕ್ಷೆಗೆ ಓದೋ ಮಕ್ಕಳು, ಮಾತಿಗೆ ಸಿಕ್ಕರೆ ಕೆಡ್ತಾರೆ” ಎಂದು ಅವಳು ಅಮ್ಮನ ಸೂಜಿಗೆ ದಾರ ಪೋಣಿಸಲು ಕೂತಳು.