ಕೆಂಪು ಚಿಂದಿ ಕಟ್ಟಿದ ಸಾಲು

ಪೈರಿನ ಮುಂದೆ ನಿಂತು ಭಾಷಣ ಮಾಡುವುದು ನನ್ನ ಇಪ್ಪತ್ತೇಳು ವರ್ಷದ ಕಸುಬು. ನಿಂತಿರುವುದು ಎಲ್ಲಿ ಎಂದು ಕೆಳಗೆ ನೋಡಿಕೊಳ್ಳುವ ಅಭ್ಯಾಸವೊಂದು ಮಾತ್ರ ನನಗೆ ಬರಲಿಲ್ಲ.

ಮೇ ತಿಂಗಳ ಮೊದಲ ವಾರ. ನಮ್ಮ ಗುಡ್ಡದ ಹಳ್ಳಿ ಹೆನ್ಶೀರ್ ಸಫ್ರಾದಲ್ಲಿ ಬೆಳೆ ತೋರಿಸುವ ದಿನ. ರಾಜಧಾನಿ ಟ್ಯೂನಿಸ್‌ನಿಂದ ನಿರ್ದೇಶಕರಾದ ಸೀ ಮಜೀದ್ ಬಂದಿದ್ದರು; ‘ಸೀ’ ಎಂಬುದು ನಮ್ಮಲ್ಲಿ ಮರ್ಯಾದೆಯ ಮಾತು. ಜೊತೆಗೆ ಟೊಪ್ಪಿ ಹಾಕಿಕೊಂಡ ಆರು ಜನ ತಜ್ಞರು, ಒಬ್ಬ ಫೋಟೋದವನು. ಗಮ್ರಾ ಎಂಬ ವಿಧವೆಯ ಒಂದು ಹೊಲದ ಅರ್ಧ ಭಾಗದಲ್ಲಿ ನಮ್ಮ ಸಂಶೋಧನಾ ಕೇಂದ್ರದ ಹೊಸ ಜವೆಗೋಧಿ ‘ಫರಹ್ ಒಂಬತ್ತು’ ಬಿತ್ತಿಸಿದ್ದೆವು. ಉಳಿದರ್ಧದಲ್ಲಿ ಆಕೆಯ ಸ್ವಂತ ಬೆಳೆ. ಹಿಂದಿನ ದಿನದ ಗಾಳಿಗೆ ನಮ್ಮ ತಗಡಿನ ಬೋರ್ಡು ಕಿತ್ತು ಬಿದ್ದಿತ್ತು. ಬೆಳಗ್ಗೆ ನಾನೇ ಅದನ್ನೆತ್ತಿ, ಎರಡು ಮಡಿಗಳನ್ನೂ ನೋಡಿ, ಯಾವುದು ಚೆನ್ನಾಗಿ ಕಂಡಿತೋ ಅದರ ಮುಂದೆ ನೆಟ್ಟೆ. ಚೆನ್ನಾಗಿರುವುದು ಸರಕಾರದ್ದೇ ಇರಬೇಕಲ್ಲ! ಕೇಂದ್ರದಲ್ಲಿ ಕೊಳವೆ ನೀರು ಕುಡಿದ ಫರಹ್ ನನ್ನ ಸೊಂಟದವರೆಗೆ ಬರುತ್ತದೆ. ಮಳೆಯನ್ನೇ ನಂಬಿಕೊಂಡ ಗುಡ್ಡದಲ್ಲಿ ಎಲ್ಲಿಯವರೆಗೆ ಬಂದೀತು ಎಂದು ನಾನು ಯೋಚಿಸಿರಲಿಲ್ಲ.

ಭಾಷಣ ಸೊಗಸಾಗಿ ಸಾಗಿತು. “ನೋಡಿ ಈ ತೆನೆ, ನೋಡಿ ಈ ದಂಟು, ಇದೇ ವಿಜ್ಞಾನ” ಎಂದೆ. ತಜ್ಞರು ತಲೆದೂಗಿದರು. ಹಿಂದಿನಿಂದ ಒಂದು ಹೆಣ್ಣುದನಿ, ಕೂಗದೆ, ಆದರೆ ಎಲ್ಲರಿಗೂ ಕೇಳುವಷ್ಟು ಸ್ಪಷ್ಟವಾಗಿ ಬಂತು.

“ಸೀ ಮುನ್ಸಿಫ್, ಅದು ನಂದು. ನಿಮ್ದು ನಿಮ್ಮ ಕಾಲ್ಕೆಳಗಿದೆ. ಸ್ವಲ್ಪ ಈಚೆ ಬನ್ನಿ, ತುಳೀಬೇಡಿ. ಪಾಪ, ಮೊದ್ಲೇ ಗಿಡ್ಡ.”

ಬಗ್ಗಿ ನೋಡಿದೆ. ಹೌದು, ನನ್ನ ಬೂಟಿನ ಸುತ್ತ ಮೊಣಕಾಲೆತ್ತರಕ್ಕೂ ಬಾರದ ಫರಹ್ ಒಂಬತ್ತು ನಿಂತಿತ್ತು. ಫರಹ್ ಎಂದರೆ ಸಂತೋಷ. ಫೋಟೋದವನು ಅದೇ ಹೊತ್ತಿಗೆ ಕ್ಲಿಕ್ಕಿಸಿದ. ಆ ಫೋಟೋ ಈಗಲೂ ನಮ್ಮ ಆಫೀಸಿನ ಗೋಡೆಯ ಮೇಲಿದೆ. ನಾನು ಬೂಟು ನೋಡಿಕೊಳ್ಳುತ್ತಿದ್ದೇನೆ, ಹಿಂದೆ ಗಮ್ರಾ ಆಕಾಶ ನೋಡುತ್ತಿದ್ದಾಳೆ.

ಈ ಗಮ್ರಾಳನ್ನು ನಾನು ಕೆಲಸಕ್ಕೆ ಸೇರಿದ ದಿನದಿಂದ ಬಲ್ಲೆ. ಅರವತ್ತು ದಾಟಿದ ಸಣಕಲು ಜೀವ, ನನ್ನ ಬಾಯಲ್ಲಿ ‘ಖಾಲಾ’, ಚಿಕ್ಕಮ್ಮ. ನಮ್ಮ ಕೇಂದ್ರದಲ್ಲಿ ಇಪ್ಪತ್ತೆರಡು ಸುಗ್ಗಿ ದಿನಗೂಲಿ ಮಾಡಿದವಳು. ಪ್ರಯೋಗದ ಸಾಲುಗಳಿಗೆ ಯಂತ್ರ ಬಿಟ್ಟರೆ ಒಂದರ ಕಾಳು ಇನ್ನೊಂದಕ್ಕೆ ಬೆರೆಯುತ್ತದೆಂದು ಹೆಂಗಸರ ಕೈಯಲ್ಲೇ ಕೊಯ್ಲು ಮಾಡಿಸುತ್ತಿದ್ದೆವು. ಅಕ್ಷರ ಬಾರದ ಈಕೆ ಸಾವಿರ ಸಾಲುಗಳಲ್ಲಿ ಒಂದನ್ನೂ ಇನ್ನೊಂದಕ್ಕೆ ಬೆರೆಸಲಿಲ್ಲ. ಅಕ್ಷರ ಬಲ್ಲ ನಾವು ವರ್ಷಕ್ಕೆರಡು ಸಲವಾದರೂ ಬೆರೆಸಿ, ವರದಿಯಲ್ಲಿ ‘ಹವಾಮಾನದ ವೈಪರೀತ್ಯ’ ಎಂದು ಬರೆದುಬಿಡುತ್ತಿದ್ದೆವು.

ಅತಿಥಿಗಳು ಹೋದ ಮೇಲೆ ನಾನು ಸಪ್ಪೆ ಮುಖ ಹೊತ್ತುಕೊಂಡು ಆಕೆಯ ಅಂಗಳಕ್ಕೆ ಹೋದೆ. ಕೆಂಡದ ಮೇಲೆ ಚಹಾ ಕುದಿಯುತ್ತಿತ್ತು. ಜವೆಯ ಹುರಿಹಿಟ್ಟಿಗೆ ಆಲಿವ್ ಎಣ್ಣೆ ಕಲಸಿ ಮುಂದಿಟ್ಟಳು.

“ಖಾಲಾ, ನಾಲ್ಕು ಜನರ ಮುಂದೆ ಮರ್ಯಾದೆ ತೆಗೆದ್ಯಲ್ಲಾ.”

“ನಾನೆಲ್ಲಿ ತೆಗ್ದೆ? ನೀನೇ ಬೋರ್ಡು ನೆಟ್ಟೆ. ತಿನ್ನು, ತಿನ್ನು. ಮರ್ಯಾದೆ ಹೋದಾಗ ಹೊಟ್ಟೆ ಖಾಲಿ ಇರಬಾರ್ದು.”

“ಆ ಜವೆ ಎಲ್ಲಿಂದ ತಂದೆ? ನಿಮ್ಮಮ್ಮನ ಕಾಲದ್ದಾ?”

“ಅಮ್ಮನ ಕಾಲದ್ದು ತುಕ್ಕುರೋಗ ಬಂದು ಎಂದೋ ಹೋಯ್ತು. ಇದು ನಿಮ್ದೇ.”

“ನಮ್ದಾ?” ಎಂದೆ.

“ನಿಮ್ಮೋರು ಮಾಡಿದ್ದೇ. ಮಾಡಿ ಎಸೆದ್ರಿ ಅಷ್ಟೆ. ನೀರಿನ ತೊಟ್ಟಿ ಕಡೆಯಿಂದ ಮೂರನೇ ಪಟ್ಟಿ, ಹದಿನೇಳನೇ ಸಾಲು. ಅದಕ್ಕೆ ಕೆಂಪು ಚಿಂದಿ ಕಟ್ಟಿದ್ರಿ. ಪರವಾಗಿಲ್ಲ, ಈ ಓದಿದೋರಿಗೂ ಒಳ್ಳೇದು ಯಾವ್ದು ಅಂತ ಗೊತ್ತಾಗುತ್ತಲ್ಲಾ ಅಂದ್ಕೊಂಡೆ. ಆಮೇಲೆ ನೋಡಿದ್ರೆ ಅದನ್ನೇ ತಗೊಂಡೋಗಿ ಗುಂಡಿಗೆ ಹಾಕಿದ್ರಿ! ಇವ್ರಿಗೇನು ಹುಚ್ಚಾ ಅಂತ ಎಂಟು ತೆನೆ ಸೆರಗಿಗೆ ಕಟ್ಕೊಂಡೆ.”

ನಮ್ಮ ಕೇಂದ್ರದಲ್ಲಿ ಕೆಂಪು ಚಿಂದಿ ಎಂದರೆ ‘ಬೇಡ, ಕಿತ್ತೆಸೆಯಿರಿ’ ಎಂದರ್ಥ. ಗಮ್ರಾಳ ಹಳ್ಳಿಯಲ್ಲಿ ಮಂದೆಯ ಅತ್ಯುತ್ತಮ ಕುರಿಗೆ, ಎಷ್ಟು ಕೊಟ್ಟರೂ ಮಾರದ ಕುರಿಗೆ, ದೃಷ್ಟಿಯಾಗದಿರಲೆಂದು ಕೆಂಪು ಉಣ್ಣೆ ಕಟ್ಟುತ್ತಾರೆ. ಇಪ್ಪತ್ತೇಳು ವರ್ಷ ಈ ಹಳ್ಳಿಯ ಸುತ್ತ ಓಡಾಡಿದ ನನಗೆ ಅದು ಗೊತ್ತಿತ್ತು. ಆದರೆ ಕುರಿಯನ್ನೂ ಪೈರನ್ನೂ ಒಟ್ಟಿಗೆ ನೆನೆಸಿಕೊಳ್ಳುವುದು ನನ್ನ ಕೆಲಸದ ಪಟ್ಟಿಯಲ್ಲಿರಲಿಲ್ಲ.

“ಯಾರು ಕಟ್ಟಿದ್ದು ಚಿಂದಿ?” ಎಂದೆ.

“ಹೆಸ್ರು ನಾನ್ ಹೇಳಲ್ಲಪ್ಪಾ. ಅಂಗಿ ಜೇಬಲ್ಲಿ ಬಾಚಣಿಗೆ ಇಟ್ಕೊಂಡಿದ್ದ. ಆಗ ತಲೆ ತುಂಬ ಕೂದ್ಲಿತ್ತು ಪಾಪ.”

ಮರುದಿನ ಉಗ್ರಾಣಕ್ಕೆ ಹೋಗಿ ಏಳು ವರ್ಷದ ಹಿಂದಿನ ದಫ್ತರ ತೆಗೆದೆ. ಮೂರನೇ ಪಟ್ಟಿ, ಹದಿನೇಳನೇ ಸಾಲು. ಕಾಳು: ಉತ್ತಮ. ತುಕ್ಕುರೋಗ: ಇಲ್ಲ. ಷರಾ: ‘ಎತ್ತರ ಜಾಸ್ತಿ. ಬೇಡ.’ ಕೆಳಗೆ ನನ್ನ ಸಹಿ. ನನ್ನ ಹೆಸರಿನ ಅರ್ಥ ನ್ಯಾಯವಂತ. ಇಟ್ಟ ಅಪ್ಪನನ್ನು ದೂರಿ ಫಲವಿಲ್ಲ, ಅವನು ಒಳ್ಳೆಯದನ್ನೇ ಬಯಸಿದ್ದ.

ಎತ್ತರ ಯಾಕೆ ಬೇಡವಾಗಿತ್ತು? ಎತ್ತರದ ಪೈರು ಬಾಗುತ್ತದೆ, ಯಂತ್ರಕ್ಕೆ ತೊಡಕು. ಹೆನ್ಶೀರ್ ಸಫ್ರಾದ ಇಳಿಜಾರಿಗೆ ಯಂತ್ರ ಹತ್ತಿದ್ದನ್ನು ನಾನಂತೂ ನೋಡಿಲ್ಲ. ಅಲ್ಲಿ ಕುಡುಗೋಲೇ ಕೊಯ್ಯಬೇಕು. ಕೊಯ್ದದ್ದನ್ನು ಸಿವುಡು ಕಟ್ಟಬೇಕು. ಕಟ್ಟುವುದಕ್ಕೆ ಅದೇ ಜವೆಯ ನಾಲ್ಕು ದಂಟು ಹಿರಿದು, ಹೊಸೆದು, ಸಿವುಡಿನ ನಡುವಿಗೆ ಸುತ್ತಿ ಗಂಟು ಹಾಕುತ್ತಾರೆ. ಫರಹ್ ಒಂಬತ್ತರ ದಂಟು ಸುತ್ತಿ ಬರುವುದೇ ಇಲ್ಲ. ಗಮ್ರಾ ಅದನ್ನು ‘ಸೊಂಟದ ಪಟ್ಟಿ ಸಾಲದ ಮದುಮಗ’ ಎಂದು ಕರೆಯುತ್ತಿದ್ದಳು.

“ಹಗ್ಗದಲ್ಲಿ ಕಟ್ಟಬೋದಲ್ಲ ಖಾಲಾ” ಎಂದು ನಾನು ಒಮ್ಮೆ ಕೇಳಿದ್ದುಂಟು.

“ಕಟ್ಬೋದು. ಕಟ್ಟಿದ್ದೂ ಆಯ್ತು, ಪ್ಲಾಸ್ಟಿಕ್ ದಾರ. ಒಂದು ಕುರಿ ಅದನ್ನ ನುಂಗಿ ಸತ್ತೂ ಹೋಯ್ತು. ಗಂಟು ಇರೋದು ಕಟ್ಟೋಕಲ್ಲ ಕಣಪ್ಪಾ, ಅಳೆಯೋಕೆ. ಗಂಟು ಬಂದ್ರೆ ಹುಲ್ಲು ಬೇಸಿಗೆ ದಾಟುತ್ತೆ. ಬರ್ಲಿಲ್ಲ ಅಂದ್ರೆ ಕುರಿ ದಾಟಲ್ಲ.”

ವಿಷಯ ಇಷ್ಟೇ. ನಮ್ಮ ಲೆಕ್ಕದಲ್ಲಿ ಜವೆಯೆಂದರೆ ಕಾಳು. ಗುಡ್ಡದವರ ಪಾಲಿಗೆ ಕಾಳು ಮನೆಯವರಿಗೆ, ಹುಲ್ಲು ಕುರಿಗೆ, ಮತ್ತು ಕುರಿಯೇ ಮನೆ. ಕಾಯಿಲೆಗೆ, ಮದುವೆಗೆ, ಸೋರುವ ಮಾಳಿಗೆಗೆ ಎಲ್ಲಕ್ಕೂ ಕುರಿ. ಮೂರು ವರ್ಷದಿಂದ ಬೀಜದ ಕಚೇರಿ ರಿಯಾಯಿತಿಯಲ್ಲಿ ಫರಹ್ ಒಂದನ್ನೇ ಕೊಡುತ್ತಿತ್ತು. ಊರು ಅದನ್ನೇ ಬಿತ್ತಿತು, ಕಾಳು ಒಂದಿಷ್ಟು ಹೆಚ್ಚೇ ಬಂತು, ಆಗಸ್ಟಿನಲ್ಲಿ ಹುಲ್ಲು ಮುಗಿಯಿತು. ಮನೆಮನೆಯೂ ಸಂತೆಗೆ ಕುರಿ ಹೊಡೆಯಿತು. ಗಮ್ರಾಳೂ ಒಂದು ಮಡಿಯನ್ನುಳಿದು ಮಿಕ್ಕೆಲ್ಲ ಹೊಲಕ್ಕೆ ಫರಹ್ ಹಾಕಿದ್ದಳು. ಆಕೆಯ ಹತ್ತೊಂಬತ್ತು ಕುರಿ ಹನ್ನೊಂದಕ್ಕೆ ಇಳಿದವು. ಹನ್ನೊಂದಕ್ಕಾದರೂ ನಿಂತದ್ದು ಆ ಒಂದು ಮಡಿಯ ಎತ್ತರದ ಜವೆಯ ಹುಲ್ಲಿನಿಂದ. ಈ ಬೇಸಿಗೆ ದಾಟಿದರೆ ಅವು ಉಳಿದವು. ಇಡೀ ಊರಿಗೆ ಆ ಬೀಜ ಸಿಕ್ಕಿದರೆ ಊರಿನ ಕುರಿಗಳೂ ಉಳಿದಾವು.

“ನಿಮ್ಮ ಕಚೇರಿ ಚೀಲದಲ್ಲಿ ನನ್ನ ಜವೆ ಬರ್ಲಿ. ಅಷ್ಟೇ ನಾನ್ ಕೇಳೋದು” ಎಂದಳು. “ಹೆಸ್ರು ಬೇಡ, ಹಾರ ಬೇಡ.”

ಚೀಲಕ್ಕೆ ಬರಬೇಕಾದರೆ ಸಮಿತಿ ಒಪ್ಪಬೇಕು. ಸಮಿತಿ ಒಪ್ಪಲು ಅರ್ಜಿ ಬೇಕು. ಅರ್ಜಿ ತುಂಬಲು ನಾನು ಮತ್ತೆ ಆಕೆಯ ಅಂಗಳದಲ್ಲಿ ಕುಳಿತೆ.

“ತಳಿಯ ತಾಯಿ ತಂದೆ?” ಎಂದು ಓದಿದೆ.

“ಕಸದ ಗುಂಡಿ.”

“ಖಾಲಾ, ಹಂಗೆಲ್ಲ ಬರೆಯೋಕಾಗಲ್ಲ.”

“ಸುಳ್ಳು ಬರೀಬೋದು, ನಿಜ ಬರೆಯೋಕಾಗಲ್ಲ. ಮುಂದೆ ಓದು.”

“ತಳಿ ಅಭಿವೃದ್ಧಿಪಡಿಸಿದ ವಿಜ್ಞಾನಿಯ ವಿದ್ಯಾರ್ಹತೆ?”

“ಅವ್ನಿಗೆ ಕೂದ್ಲಿತ್ತು ಅಂತ ಬರಿ.”

‘ಒಂದು ಹೆಕ್ಟೇರಿಗೆ ಕಾಳು ಎಷ್ಟು’ ಎಂಬ ಕಲಮಿತ್ತು. ಹುಲ್ಲು ಎಷ್ಟು ಎಂಬ ಕಲಮು ಇರಲಿಲ್ಲ. ಒಂದು ಕಲಮು ಸೇರಿಸಿ ಎಂದು ನಾನು ಟ್ಯೂನಿಸ್‌ಗೆ ಬರೆದದ್ದು ಅದೇ ಮೊದಲಲ್ಲ, ನಾಲ್ಕನೆಯ ಸಲ. ಹಿಂದಿನ ಮೂರಕ್ಕೆ ಉತ್ತರವಿರಲಿಲ್ಲ. ಈ ಸಲ ಬಂತು: ಅಚ್ಚಾದ ನಮೂನೆಗಳು ಇನ್ನೂ ಆರು ಸಾವಿರ ಉಳಿದಿವೆ, ಅವು ಮುಗಿದ ನಂತರ ಪರಿಶೀಲಿಸಲಾಗುವುದು. ನಮ್ಮಲ್ಲಿ ವರ್ಷಕ್ಕೆ ನಲವತ್ತು ಅರ್ಜಿ ಬಂದರೆ ಹೆಚ್ಚು. ಲೆಕ್ಕ ಹಾಕಿ, ಕಾಗದವನ್ನು ಮಡಿಚಿ, ಕುಂಟುತ್ತಿದ್ದ ನನ್ನ ಮೇಜಿನ ಕಾಲಿಗೆ ಕೊಟ್ಟೆ. ಇಲಾಖೆಯಿಂದ ನನಗೆ ಸಿಕ್ಕಿದ ಏಕೈಕ ಆಧಾರ ಅದು.

ಹಾಗಾಗಿ ಅರ್ಜಿಯ ಅಂಚಿನಲ್ಲೇ ಪೆನ್ನಿನಿಂದ ಗೆರೆ ಎಳೆದು ‘ಹುಲ್ಲು’ ಎಂದು ಬರೆದೆ. ‘ತಾಯಿ ತಂದೆ’ ಎಂಬಲ್ಲಿ ದಫ್ತರದ ಪುಟ ಸಂಖ್ಯೆ ಹಾಕಿ, ‘ಈ ಸಾಲನ್ನು ತಿರಸ್ಕರಿಸಿದವನು ನಾನು, ತಪ್ಪು ನನ್ನದು’ ಎಂದೂ ಸೇರಿಸಿದೆ. ಬರೆಯುವಾಗ ಎದೆಯುಬ್ಬಿತ್ತು. ಅಂಚೆಗೆ ಹಾಕಿ ಬಂದಮೇಲೆ ಪಿಂಚಣಿಗೆ ಎಷ್ಟು ವರ್ಷ ಬಾಕಿ ಎಂದು ಲೆಕ್ಕ ಹಾಕಿದೆ.

ಜೂನ್ ಆರಂಭದಲ್ಲಿ, ಕೊಯ್ಲಿನ ದಿನವೇ, ಸೀ ಮಜೀದ್ ಸಮಿತಿಯ ಇಬ್ಬರು ಸದಸ್ಯರೊಂದಿಗೆ ಬಂದರು. ಕೆಟ್ಟ ಮನುಷ್ಯರೇನಲ್ಲ. ನೆರಳಿಗೆ ಕರೆದರೂ ಹೋಗದೆ ಹೊಲದಲ್ಲೇ ನಿಂತರು. ಗಮ್ರಾ ಫರಹ್ ಮಡಿಯಿಂದ ಒಂದು ತೆಕ್ಕೆ ಕೊಯ್ದಳು, ನಾಲ್ಕು ದಂಟು ಹೊಸೆದಳು, ಸುತ್ತಿದಳು. ಎರಡು ತುದಿಗಳ ನಡುವೆ ಒಂದು ಗೇಣು ಬಾಕಿ ಉಳಿಯಿತು. ಆ ಗೇಣನ್ನು ಎಲ್ಲರೂ ನೋಡುವವರೆಗೆ ಹಾಗೆಯೇ ಹಿಡಿದು ನಿಂತಳು. ಆಮೇಲೆ ತನ್ನ ಮಡಿಯಿಂದ ಅಷ್ಟೇ ತೆಕ್ಕೆ ಕೊಯ್ದು, ಹೊಸೆದು, ಸುತ್ತಿ, ಗಂಟು ಬಿಗಿದು ಸೀ ಮಜೀದರ ಕೈಗೆ ಕೊಟ್ಟಳು. ಅವರು ಮಗುವನ್ನು ಹಿಡಿದಂತೆ ಹಿಡಿದುಕೊಂಡರು.

“ಕಾಳೂ ಚೆನ್ನಾಗಿದೆ” ಎಂದರು ಸೀ ಮಜೀದ್, ತೆನೆ ಉಜ್ಜಿ ನೋಡಿ. “ಮುನ್ಸಿಫ್, ಇದನ್ನ ಯಾಕಪ್ಪಾ ಎಸೆದ್ರಿ?”

“ಎತ್ತರ ಇತ್ತು ಸೀ ಮಜೀದ್.”

“ಎತ್ತರ ಇರೋದು ಬೇಡ ಅಂತ ಹೇಳಿದ್ದು ಯಾರು?”

ಹೇಳಿದ ಸುತ್ತೋಲೆಗೆ ಸಹಿ ಹಾಕಿದವರು ಅವರೇ. ಅದು ಅವರಿಗೂ ನೆನಪಾಯಿತೆಂದು ತೋರುತ್ತದೆ, ಸಿವುಡನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ನಾನು ಬೂಟು ನೋಡಿಕೊಂಡೆ. ಈ ಸಲ ಸರಿಯಾದ ಜಾಗದಲ್ಲೇ ನಿಂತಿದ್ದೆ.

ಮೂವರೂ ದೂರ ಹೋಗಿ ಅರ್ಧ ಗಂಟೆ ಮಾತಾಡಿದರು. ಅಷ್ಟರಲ್ಲಿ ಗಮ್ರಾ ಇಪ್ಪತ್ತು ಸಿವುಡು ಕಟ್ಟಿದಳು. ನಾನು ಸಹಾಯಕ್ಕೆ ಹೋಗಿ ಒಂದು ಕಟ್ಟಿದೆ. ಅದನ್ನು ಆಕೆ ಬಿಚ್ಚಿ ಮತ್ತೆ ಕಟ್ಟಿದಳು.

ಸೀ ಮಜೀದ್ ವಾಪಸು ಬಂದರು. ಮುಖದಲ್ಲಿ ಒಳ್ಳೆಯ ಸುದ್ದಿ ತಂದವರ ಕಳೆಯಿತ್ತು.

“ನೋಡಮ್ಮಾ, ಸಮಿತಿ ನಿನ್ನ ಜವೆಯನ್ನ ಒಪ್ಪಿದೆ. ಪರೀಕ್ಷೆಗೆ ತಗೋತೀವಿ. ಮೂರು ಮಡಿ ಬಿತ್ತಿ, ಮೂರು ವರ್ಷ ನೋಡ್ತೀವಿ. ಗೆದ್ದರೆ ಚೀಲಕ್ಕೆ ಬರುತ್ತೆ.”

“ಎಲ್ಲಿ ಬಿತ್ತೀರಿ?” ಎಂದಳು.

“ಕೇಂದ್ರದಲ್ಲಿ. ನೀರು, ಗೊಬ್ಬರ ಎಲ್ಲ ಕೊಟ್ಟು.”

ಆಕೆ ನನ್ನ ಕಡೆ ನೋಡಿದಳು. ನಾನು ಬಾಯಿ ತೆರೆದೆ. “ಸೀ ಮಜೀದ್, ನೀರು ಕೊಟ್ಟರೆ ಇದು ಇನ್ನೂ ಎತ್ತರ ಆಗಿ ಮಲಗಿಬಿಡುತ್ತೆ. ಇದನ್ನ ಗುಡ್ಡದಲ್ಲೇ—”

“ನಿಯಮ ಅಂತ ಒಂದಿದೆಯಲ್ಲ ಮುನ್ಸಿಫ್. ಅದನ್ನೂ ಬರೆದು ಕಳಿಸು, ನೋಡೋಣ.” ನನ್ನ ಮೇಜಿನ ಇನ್ನೊಂದು ಕಾಲೂ ಕುಂಟುತ್ತಿತ್ತು. “ಮತ್ತೆ, ಅಮ್ಮಾ, ಪರೀಕ್ಷೆ ಮುಗಿಯೋವರೆಗೆ ಈ ಬೀಜ ಯಾರಿಗೂ ಹಂಚೋ ಹಾಗಿಲ್ಲ. ನಿನ್ನ ಹತ್ರ ಇರೋದನ್ನೂ ಕೇಂದ್ರಕ್ಕೆ ಕೊಡಬೇಕು. ಈ ವರ್ಷಕ್ಕೆ ನಿನಗೆ ಫರಹ್ ಚೀಲ ಕೊಡಿಸ್ತೀನಿ.”

ಗಮ್ರಾ ಕುಡುಗೋಲನ್ನು ಸೆರಗಿಗೆ ಒರೆಸಿದಳು. ಕಟ್ಟಿಟ್ಟ ಸಿವುಡುಗಳ ಸಾಲನ್ನು ಒಮ್ಮೆ ನೋಡಿದಳು. ಏಳು ವರ್ಷದ ಹಿಂದಿನ ಎಂಟು ತೆನೆ ಅಲ್ಲಿ ಬಿಸಿಲಿಗೆ ಮಲಗಿದ್ದವು.

ಸೀ ಮಜೀದ್ ಕೊಂಚ ಬಾಗಿ, ನಿಜವಾದ ಕಳಕಳಿಯಿಂದಲೇ ಕೇಳಿದರು:

“ಮೂರೇ ವರ್ಷ ಅಮ್ಮಾ. ಕಾಯೋದಕ್ಕೆ ನಿನ್ನದೇನೂ ಅಭ್ಯಂತರ ಇಲ್ಲ ತಾನೆ?”

“ನಂದೇನಿಲ್ಲ ಸೀ ಮಜೀದ್” ಎಂದಳು ಗಮ್ರಾ. “ಇನ್ನೂ ಹನ್ನೊಂದು ಜನರನ್ನ ಕೇಳ್ಬೇಕು. ಮೇಯೋಕೆ ಹೋಗಿದಾರೆ, ಬರ್ಲಿ.”