ಗಾಲಿಯ ಮೇಲಿನ ಮೂರು ಬದುಗಳು

ಬನಹಟ್ಟಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಚಿದಾನಂದನ ಮನೆಗೆ ಬಿಡಪ್ಪಾ ಎಂದರೆ ಆಟೋದವನು "ಯಾವ ಚಿದಾನಂದರೀ?" ಎಂದು ಮುಖ ನೋಡುತ್ತಾನೆ. "ಹೊಲಿಗಿ ಮಷೀನಿನ ಹುಚ್ಚ" ಅನ್ನಿ. "ಹತ್ರಿ ಹತ್ರಿ, ಮದಲ ಹೇಳಬಾರದಾ?" ಎಂದು ಗಾಡಿ ಚಾಲೂ ಮಾಡುತ್ತಾನೆ. ಈ ಹೆಸರಿನ ಬಗ್ಗೆ ಚಿದಾನಂದನಿಗೆ ಎಳ್ಳಷ್ಟೂ ಬೇಸರವಿಲ್ಲ. ಬೇಸರವೆಲ್ಲ ಅವನ ಹೆಂಡತಿ ಶೈಲಾಳದು. "ಮನ್ಯಾಗ ಮಂದಿ ಇಬ್ಬರು. ಮಷೀನ ಎಷ್ಟಂತ ಮಾತ್ರ ಕೇಳಬ್ಯಾಡ್ರಿ. ಬೀಗರು ಬಂದ್ರ ಅಂಗಳದಾಗ ಮಲಗ್ತಾರ, ಮಷೀನ ಒಳಗ ಮಲಗ್ತಾವ" ಎಂದು ಬಂದವರೆದುರು ಮಾನ ಕಳೆಯುತ್ತಾಳೆ. ಹಾಗೆ ಕಳೆಯುತ್ತಲೇ ಪಡಸಾಲೆಯ ಮಷೀನುಗಳ ಮೇಲಿನ ಧೂಳು ಒರೆಸುತ್ತಿರುತ್ತಾಳೆ, ಅದು ಬೇರೆ ಮಾತು.

ಮೀಸೆ ಚಿಗುರುವ ಮೊದಲೇ ಪವರ್‌ಲೂಮ್ ಕಾರ್ಖಾನೆ ಸೇರಿದವನು ಚಿದಾನಂದ. ಮಗ್ಗ ಕೆಟ್ಟರೆ ಸರಿಮಾಡುವ ಜಾಬರ್. ಕಿವಿಗೊಟ್ಟು ನಿಂತು, ಸಾಲಿನಲ್ಲಿ ಯಾವ ಮಗ್ಗಕ್ಕೆ ಏನು ಬೇನೆ ಎಂದು ಹೇಳುತ್ತಿದ್ದ. ಒಮ್ಮೆ ಜಮಖಂಡಿಯ ಗುಜರಿ ಅಂಗಡಿಯಲ್ಲಿ ಏನೋ ಬೋಲ್ಟು ಹುಡುಕುವಾಗ ತಕ್ಕಡಿಯ ಪಕ್ಕದಲ್ಲಿ ತುಕ್ಕು ಹಿಡಿದ ಹಳೇ ಹೊಲಿಗೆ ಯಂತ್ರ ಬಿದ್ದಿತ್ತು. ತಗಡಿನ ಮುಚ್ಚಳ ಸರಿಸಿದರೆ ಒಳಗೆ ಹೆಬ್ಬೆಟ್ಟಿನಷ್ಟು ಉದ್ದದ, ಎರಡೂ ತುದಿ ಚೂಪಾದ ಒಂದು ಪುಟ್ಟ ಲಾಳಿ. ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಅದೇ ಲಾಳಿ! "ಅರೇ, ನಮ್ಮ ಮಗ್ಗದ ಮಗಳು ಇಲ್ಲಿ ಬಂದು ತೂಕಕ್ಕ ಬಿದ್ದಾಳಲ್ಲೋ" ಎಂದವನೇ ಅದನ್ನು ಹೆಗಲ ಮೇಲಿಟ್ಟುಕೊಂಡು ಮನೆಗೆ ಬಂದ. ಅಲ್ಲಿಂದ ಹುಚ್ಚು ಹತ್ತಿತು. ಮುಧೋಳದ ಹಳೇ ವಾಡೆಯ ಅಟ್ಟದಲ್ಲಿದ್ದದ್ದು, ಬೀಳಗಿಯ ಟೇಲರನೊಬ್ಬ ಕೋಳಿಗೂಡಿಗೆ ಒತ್ತಾಗಿ ಇಟ್ಟದ್ದು, ಎಲ್ಲಿ ಸುದ್ದಿ ಬಂತೋ ಅಲ್ಲಿಗೆ ಇವನು ಹಾಜರು.

ಹುಚ್ಚ ಅನ್ನುವವರು ಒಂದು ಸಲ ಅವನು ಕೆಲಸಕ್ಕೆ ಕೂತದ್ದನ್ನು ನೋಡಬೇಕು. ಒಂದೊಂದು ತಿರುಪನ್ನೂ ಬಿಚ್ಚಿ, ಬಟ್ಟೆ ಹಾಸಿ, ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುತ್ತಾನೆ. ತುಕ್ಕು ಹೋಗಬೇಕು, ಕಪ್ಪು ಮೈಮೇಲಿನ ಬಂಗಾರದ ಹೂಬಳ್ಳಿ ಹೋಗಬಾರದು. ಅದಕ್ಕೆ ಬೆರಳ ತುದಿಯಲ್ಲಿ ಅರಿವೆ ಸುತ್ತಿಕೊಂಡು ಒಂದು ಎಲೆ, ಒಂದು ದಳ ಎಂದು ಒರೆಸುತ್ತ ದಿನಗಟ್ಟಲೆ ಕೂರುತ್ತಾನೆ. ಸತ್ತೇಹೋಯಿತು ಎಂದು ಬಿಸಾಕಿದ ಯಂತ್ರ ಅವನ ಕೈಯಲ್ಲಿ ಮತ್ತೆ ಟಕಟಕ ಎನ್ನುವಾಗ, ನಿಜ ಹೇಳುತ್ತೇನೆ, ನೋಡುವವರ ಕಣ್ಣು ಒದ್ದೆಯಾಗುತ್ತದೆ. ಅವನಿಗೆ ಈ ಲೋಕದಲ್ಲಿ ಇದ್ದದ್ದು ಒಂದೇ ವೈರಿ, ಕುಸುಬೆ ಎಣ್ಣೆ. ನಮ್ಮ ಕಡೆ ಕುಸುಬೆ ಎಣ್ಣೆ ಇಲ್ಲದ ಅಡುಗೆಮನೆ ಇಲ್ಲ. ಮಷೀನಿನ ಎಣ್ಣೆ ಮುಗಿದರೆ, ಎಣ್ಣೆ ಅಂದರೆ ಎಣ್ಣೆಯೇ ತಾನೆ ಎಂದು ಜನ ಅದನ್ನೇ ತೂತಿನೊಳಗೆ ಬಿಡುತ್ತಾರೆ. ಅದು ಒಣಗಿ ಅಂಟಾಗಿ ಕೂರುತ್ತದೆ.

ಆ ಬೇಸಿಗೆಯ ಒಂದು ಮುಂಜಾನೆ ಮನೆಯ ಮುಂದೆ ಆಟೋ ನಿಂತಿತು. ಇಳಿದವರು ಚಿಕ್ಕಪಡಸಲಗಿಯ ಶಂಕ್ರೆವ್ವ ಎಂಬ ಮುದುಕಿ ಮತ್ತು ಹೆರಿಗೆಗೆ ತವರಿಗೆ ಬಂದಿದ್ದ ಅವಳ ಮೊಮ್ಮಗಳು ಪ್ರೀತಿ. ಜೊತೆಗೆ ಕೌದಿಯಲ್ಲಿ ಸುತ್ತಿದ ಒಂದು ಕೈಮಷೀನು. "ತುಂಬಿದ ಬಸರಿ, ಈ ಬಿಸಲಾಗ ಬರೂದೇನ ತಂಗಿ!" ಎಂದು ಶೈಲಾ ಗದರಿಸಿಕೊಂಡೇ ನೀರು ಕೊಟ್ಟಳು.

"ಮಷೀನ ಹಿಡಕೊಂಡೈತ್ರೀ," ಎಂದಳು ಪ್ರೀತಿ. "ನಾ ಎಣ್ಣಿ ಹಾಕಿದ ಮ್ಯಾಲನ ಹಿಡೀತು."

"ಯಾವ ಎಣ್ಣಿ ಹಾಕಿದೆವ್ವಾ?"

"ಮನ್ಯಾಗಿಂದರೀ... ಕುಸಬಿ ಎಣ್ಣಿ."

"ಅಯ್ಯ ಶಿವನ!" ಚಿದಾನಂದ ಹಣೆ ಬಡಿದುಕೊಂಡ. "ಕುಸಬಿ ಎಣ್ಣಿ ಶೇಂಗಾ ಹಿಂಡಿಗೆ ಹಾಕ್ಕೊಂಡ ರೊಟ್ಟಿ ತಿನ್ರಿ, ಯಾರ ಬ್ಯಾಡಂದಾರ? ಮಷೀನೇನ ನಿಮಗ ರೊಟ್ಟಿ ಬೇಡತಿತ್ತೇನು?"

ಪ್ರೀತಿಯ ಮುಖ ಸಣ್ಣದಾಯಿತು. ಶಂಕ್ರೆವ್ವ ಬೊಚ್ಚುಬಾಯಿ ತೆರೆದು ನಕ್ಕಳು. "ಬೈಯಿ ತಮ್ಮಾ, ಬೈಯಿ. ಬೈದಾದ ಮ್ಯಾಲ ರಿಪೇರಿ ಮಾಡು. ನಮ್ಮ ಮನ್ಯಾಗ ತೊಟ್ಟಲಕ್ಕ ಹಾಕೂ ಕೂಸಿಗೆ ಈ ಮಷೀನಿನ ಮ್ಯಾಲ ಹೊಲದ ಕುಂಚಿಗಿನ ಹಾಕಬೇಕು. ನಮ್ಮತ್ತಿ ಹೊಲದ್ಲು, ಆಮ್ಯಾಲ ನಾ ಹೊಲದೆ. ಇಕಿಗೂ ನಾನ ಹೊಲದಿದ್ದೆ. ಈಗ ಇಕಿ ಕೂಸಿಗೆ ಹೊಲೀಲಿಲ್ಲಂದ್ರ ನಾ ಇದ್ದರ ಏನ ಮಾಡೂದೈತಿ?"

ಕುಂಚಿಗಿ ಎಂದರೆ ತಲೆಗೆ ಟೊಪ್ಪಿಗೆಯಾಗಿ, ಬೆನ್ನ ಮೇಲೆ ಸೆರಗಾಗಿ ಇಳಿಬೀಳುವ ಕೂಸಿನ ಉಡುಪು. ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತದೆ. ಶಂಕ್ರೆವ್ವನಿಗೆ ಅದು ಮಾತಲ್ಲ. ಅವಳ ಕಣ್ಣು ತನ್ನ ಕಡೆ ನೆಟ್ಟಿದ್ದರೂ ತನ್ನನ್ನು ನೋಡುತ್ತಿಲ್ಲ ಎಂದು ಶೈಲಾಳಿಗೆ ಆಗ ಹೊಳೆಯಿತು.

"ಆಯಿ, ಕಣ್ಣು ಕಾಣತಾವೇನ?"

"ನರಾನ ಸತ್ತಾವಂತ. ಬೆಳಕ ಐತೋ ಇಲ್ಲೋ, ಅಷ್ಟ ತಿಳೀತೈತಿ. ಇರಲಿ ಬಿಡು. ಕಣ್ಣ ಹೋಗ್ಯಾವ, ಕೈ ಹೋಗ್ಯಾವೇನು? ಇಕಿ ದಾರ ಪೋಣಿಸಿ ಕೊಡತಾಳ. ಉಳದದ್ದು ನಂದು, ಮಷೀನಿಂದು." ಆಮೇಲೆ ಚಿದಾನಂದನ ದನಿ ಬಂದ ಕಡೆ ತಿರುಗಿ ಹೇಳಿದಳು: "ಗಾಲಿ ತಿರಗೂ ಹಂಗ ಮಾಡು, ಸಾಕು. ಬ್ಯಾರೆ ಯಾವುದಕ್ಕೂ ಕೈ ಹಚ್ಚಬ್ಯಾಡ."

ಅಯ್ಯೋ, ಆ ಮಾತು ಅವನ ಕಿವಿಗೆ ಬಿದ್ದರೆ ತಾನೆ! ಅವನ ಜೀವವೆಲ್ಲ ಕೌದಿಯೊಳಗಿನ ಮಷೀನಿನಲ್ಲಿತ್ತು. ಸಂಸ್ಥಾನದ ಕಾಲದ್ದು. ಕೊಳೆಯ ಅಡಿಯಲ್ಲಿ ಬಂಗಾರದ ನವಿಲೊಂದು ಮಸುಕಾಗಿ ಕತ್ತು ಎತ್ತಿತ್ತು. ಇಂಥದ್ದು ಅವನ ಹತ್ತಿರ ಒಂದೂ ಇರಲಿಲ್ಲ. "ಆಯಿ, ಇದನ್ನ ಎಂದರ ಕೊಡೂದಾದ್ರ ನನಗ ಕೊಡ್ರಿ" ಎಂದು ಕೇಳಿಯೇ ಬಿಟ್ಟ.

"ನಾ ಇನ್ನೂ ಸತ್ತಿಲ್ಲೋ ತಮ್ಮಾ," ಎಂದಳು ಶಂಕ್ರೆವ್ವ, ನಗುತ್ತಲೇ.

ಅವರು ಹೋದ ಮೇಲೆ ಚಿದಾನಂದ ಕೂತ. ತೂತುಗಳಲ್ಲಿ ಕಲ್ಲಾಗಿ ಕೂತಿದ್ದ ಅಂಟನ್ನು ಚಿಮಣಿ ಎಣ್ಣೆಯಲ್ಲಿ ನೆನೆಸಿ, ಸೂಜಿಯಿಂದ ಕೆದರಿ ತೆಗೆದ. ಗಾಲಿ ತಿರುಗಿತು. ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕೈ ಕೇಳಬೇಕಲ್ಲ! ನವಿಲನ್ನು ಒರೆಸಿದ. ಲಾಳಿಗೆ ಹೊಳಪು ಕೊಟ್ಟ. ಕೊನೆಗೆ ಗಾಲಿಗೆ ಬಂದರೆ, ಅದರ ಅಂಚಿನ ಮೇಲೆ ಒಂದು ಕಡೆ ಬೂದಿ ಬಣ್ಣದ ಹೊಲಸು ದಪ್ಪಗೆ ಗಟ್ಟಿಯಾಗಿ ಹತ್ತಿಕೊಂಡಿತ್ತು. ಹರಿತವಾದ ಬ್ಲೇಡಿನಿಂದ ಅದನ್ನು ಕೆರೆದು ಕೆರೆದು ಕಿತ್ತ. ಹುಟ್ಟಿದಾಗಿನಿಂದ ಯಾರೂ ಸಡಿಲಿಸದ ಗಾಲಿಯ ತಿರುಪನ್ನೂ ಬಿಚ್ಚಿ ತೊಳೆದು ಕೂರಿಸಿದ. ಗಾಲಿ ಕನ್ನಡಿಯಾಯಿತು. ಶೈಲಾ ಅದರಲ್ಲಿ ಮುಖ ನೋಡಿಕೊಂಡು ಕುಂಕುಮ ಸರಿಮಾಡಿಕೊಂಡಳು.

ಪ್ರೀತಿ ಹೆಣ್ಣು ಹೆತ್ತಳೆಂಬ ಸುದ್ದಿ ಬಂದಾಗ, ಮಷೀನನ್ನು ತಾನೇ ಕೊಟ್ಟು ಬರುತ್ತೇನೆಂದು ಅದನ್ನು ತೊಡೆಯ ಮೇಲಿಟ್ಟುಕೊಂಡು ಜಮಖಂಡಿ ಬಸ್ಸು ಹತ್ತಿದ. ಚಿಕ್ಕಪಡಸಲಗಿಯ ಆ ಮನೆಯಲ್ಲಿ ಕೌದಿ ಬಿಚ್ಚಿದ್ದೇ ತಡ, ಓಣಿಯವರೆಲ್ಲ ಬಂದು ನಿಂತರು. "ಹೊಸಾದ ತಂದಾರೇನ?" ಎಂದರು. ಚಿದಾನಂದನ ಎದೆ ಉಬ್ಬಿತು.

ಶಂಕ್ರೆವ್ವ ಚಕ್ಕಂಬಕ್ಕಳ ಹಾಕಿ ಕೂತು, ಬಲಗೈಯನ್ನು ಗಾಲಿಯ ಮೇಲಿಟ್ಟಳು. ಬೆರಳು ಒಂದು ಸುತ್ತು ಬಂತು. ಮತ್ತೊಂದು ಸುತ್ತು ಬಂತು.

"ಇದು ಯಾರ ಮಷೀನಪಾ?" ಎಂದಳು.

"ನಿಮ್ಮದ ಐತಿ ಆಯಿ!"

"ನಮ್ಮದಾದ್ರ ಬದು ಎಲ್ಲಿ?"

ಆ ಮನೆಯಲ್ಲಿ ಖಂಡೇನವಮಿಯ ದಿನ, ಅಂದರೆ ಆಯುಧಪೂಜೆಯ ದಿನ, ಮಷೀನಿಗೆ ಪೂಜೆ. ಪೂಜೆಗೆ ಮೊದಲು ಸೂಜಿಯನ್ನು ಪೂರ್ತಿ ಮೇಲೆತ್ತಬೇಕು. ತಲೆ ತಗ್ಗಿಸಿಕೊಂಡು ಪೂಜೆ ತಗೋಬಾರದು ಎಂದು ಶಂಕ್ರೆವ್ವನ ಅತ್ತೆ ಹಾಕಿಕೊಟ್ಟ ಪದ್ಧತಿ. ಸೂಜಿ ಮೇಲಿದ್ದಾಗ ಗಾಲಿಯ ಎದುರು ಬರುವ ಭಾಗಕ್ಕೆ ಮೂರು ಬೆರಳಿನಿಂದ ವಿಭೂತಿ ಎಳೆಯುವುದು. ಹಳೆಯದನ್ನು ಒರೆಸುವ ಹಾಗಿಲ್ಲ, ಅದರ ಮೇಲೆಯೇ ಹೊಸದು. ವರ್ಷ ವರ್ಷದ ವಿಭೂತಿ, ಮೇಲಿನಿಂದ ಸಿಡಿದ ಎಣ್ಣೆ, ಎಲ್ಲ ಸೇರಿ ಅಲ್ಲಿ ಮೂರು ಬದುಗಳು ಎದ್ದಿದ್ದವು. ಕಣ್ಣು ಹೋದ ಮೇಲೆ ಶಂಕ್ರೆವ್ವ ಹೊಲಿದದ್ದೆಲ್ಲ ಆ ಬದುಗಳ ಮೇಲೆ. ಬದು ಎದುರು ಬಂದರೆ ಸೂಜಿ ಮೇಲಿದೆ, ಬಟ್ಟೆ ಎಳೆಯಬಹುದು. ಹಿಂದೆ ಹೋದರೆ ಸೂಜಿ ಬಟ್ಟೆಯೊಳಗಿದೆ, ಮೂಲೆ ತಿರುಗಿಸಬಹುದು.

ಅವಳು ಒಂದು ಚೂರು ಅರಿವೆ ಇಟ್ಟು ಗಾಲಿ ತಿರುಗಿಸಿ, ಅಂದಾಜಿನ ಮೇಲೆ ಎಳೆದಳು. ಸೂಜಿ ಕೆಳಗಿತ್ತು. ಟಣ್ ಎಂದು ಮುರಿಯಿತು.

ಸೊಸೆ ಮಧುಮತಿ ಮೆಲ್ಲಗೆ, "ಇರಲಿ ಬಿಡ್ರಿ ಅತ್ತಿ. ಜಮಖಂಡ್ಯಾಗ ಚಂದ ಚಂದದ ಕುಂಚಿಗಿ ಸಿಗತಾವ. ನೀವರ ಎಷ್ಟ ದಿನ ಅಂತ ಕಷ್ಟ ಪಡತೀರಿ?" ಎಂದಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಮುದುಕಿ ಕೈಗಳೆರಡನ್ನೂ ಮಡಿಲಲ್ಲಿಟ್ಟುಕೊಂಡಳು. "ಛಲೋ ಮಾಡಿಯಪಾ ತಮ್ಮಾ. ಹೊಳಿಯಾಕತ್ತೈತಿ ಅಂತಾರ ಎಲ್ಲಾರೂ" ಎಂದಳು. ಬೈದಿದ್ದರೆ ಚಿದಾನಂದ ತಡೆದುಕೊಳ್ಳುತ್ತಿದ್ದ. ಈ ಮಾತಿಗೆ ಅವನು ಮುರಿದ ಸೂಜಿಯ ಚೂರನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡ.

"ಆಯಿ, ತೊಟ್ಟಲ ಯಾವಾಗ?"

"ಅಮಾಸಿ ದಾಟಿದ ಮ್ಯಾಲ."

"ಅಷ್ಟರಾಗ ಬದು ಕಟ್ಟಿ ಕೊಡತೇನಿ" ಎಂದು ಮಷೀನನ್ನು ಮತ್ತೆ ಎತ್ತಿಕೊಂಡು ಬಂದ.

ಹೇಳಿದ್ದು ಸುಲಭ. ಬಂದವನೇ ಕಣ್ಣಿಗೆ ಟವೆಲ್ ಕಟ್ಟಿಕೊಂಡು ಮಷೀನಿನ ಮುಂದೆ ಕೂತ. ಟೇಪು ಸುತ್ತಿದ, ಎಣ್ಣೆಗೈ ತಾಗಿ ಜಾರಿಹೋಯಿತು. ನೀರಿನ ಪೈಪಿಗೆ ಹಚ್ಚುವ ಎಂ-ಸೀಲ್ ಮೆತ್ತಿದ, ಹೊಳಪಿನ ಮೇಲೆ ನಿಲ್ಲದೆ ಬಿಲ್ಲೆಯಂತೆ ಕಿತ್ತು ಬಂತು. "ಗಣಪತಿ ಮಾಡಾಕ ಹೋಗಿ ಅವರಪ್ಪನ್ನ ಮಾಡಿದ್ರಿ," ಎಂದಳು ಶೈಲಾ, ಅಡುಗೆಮನೆಯಿಂದಲೇ. "ಕೈ ಹಚ್ಚಬ್ಯಾಡ ಅಂದಿದ್ಲು ಆ ಮುದುಕಿ. ನಾ ಕೇಳಿದ್ದೆ. ನಿಮಗ ನವಿಲ ಕುಣೀತಿತ್ತು."

ಅವಳು ಎಣ್ಣೆಯ ಡಬ್ಬಿ ತಿಕ್ಕುತ್ತ ಕೂತಿದ್ದಳು. "ಇದೊಂದು ಹಾಳಾದ್ದು. ಸೋರಿದ ಎಣ್ಣಿ ಹೆಂಗ ಕುಂತೈತಿ ನೋಡ್ರಿ, ಚಾಕೂಲೆ ಕೆರದ್ರೂ ಬಿಡವಲ್ದು."

ಚಿದಾನಂದ ಕಣ್ಣಿನ ಟವೆಲ್ ಕಿತ್ತೆಸೆದು ಎದ್ದು ಬಂದ. ಡಬ್ಬಿಯ ಕಂಠಕ್ಕೆ ಗಟ್ಟಿಯಾಗಿ ಹತ್ತಿದ್ದ ಕುಸುಬೆ ಎಣ್ಣೆಯನ್ನು ಉಗುರಿನಿಂದ ಒತ್ತಿ ನೋಡಿದ. ಆಮೇಲೆ ಗೋಡೆಗೆ ಒರಗಿ, ಬಿದ್ದು ಬಿದ್ದು ನಕ್ಕ. ಗಂಡನಿಗೆ ಈಗ ಪೂರ್ತಿಯೇ ತಲೆ ಕೆಟ್ಟಿತು ಎಂದುಕೊಂಡಳು ಶೈಲಾ.

ಮರುದಿನ ಹೊಸ ಸೂಜಿ ಹಾಕಿದ ಮಷೀನನ್ನು ಹೊತ್ತು ಚಿಕ್ಕಪಡಸಲಗಿಗೆ ಹೋಗಿ ಪ್ರೀತಿಗೆ ಹೇಳಿದ: "ತಂಗಿ, ಒಂದ ಬಟ್ಟಲಾ ಕುಸಬಿ ಎಣ್ಣಿ ಕೊಡವ್ವಾ."

"ನೀವನ ಬೈದಿದ್ರೆಲ್ಲರೀ!"

"ಬೈದೇನಿ. ಈಗ ಕೈ ಮುಗದ ಕೇಳಾಕತ್ತೇನಿ."

ವಿಭೂತಿಯನ್ನು ಪುಡಿಮಾಡಿ ಎಣ್ಣೆಯಲ್ಲಿ ಕಣಕದಂತೆ ನಾದಿದ. ತಾನು ಹಚ್ಚಲಿಲ್ಲ. ಬಟ್ಟಲನ್ನು ಶಂಕ್ರೆವ್ವನ ಮುಂದೆ ಸರಿಸಿದ. ಮುದುಕಿ ಮೊದಲು ಬೆರಳಿನಿಂದ ಸವರಿ ಸೂಜಿ ಮೇಲೆತ್ತಿದಳು, ಆಮೇಲೆ ಮೂರು ಬೆರಳು ಅದ್ದಿ ಗಾಲಿಯ ಮೇಲೆ ಎಳೆದಳು. ಅವನು ಗಾಲಿಯ ತಿರುಪು ಬಿಗಿಮಾಡಿ, ಇದು ಸಡಿಲಾದರೆ ಗಾಲಿಯೊಂದೇ ತಿರುಗಿ ಬದುವಿಗೂ ಸೂಜಿಗೂ ತಾಳ ತಪ್ಪುತ್ತದೆ, ಬಾಬಿನ್ನಿಗೆ ದಾರ ಸುತ್ತುವಾಗಲೂ ಸಡಿಲಿಸಬೇಡಿ, ಮೊದಲಿನಂತೆ ಕೈಯಲ್ಲೇ ಸುತ್ತಿ ಎಂದು ಹೇಳಿ, ಮಷೀನನ್ನು ಮಾಳಿಗೆಯ ಬಿಸಿಲಿಗೆ ಇಟ್ಟ. ಒಣಗಿದ ಮೇಲೆ ಇನ್ನೊಂದು ಪದರ. ಅದು ಒಣಗಿದ ಮೇಲೆ ಮತ್ತೊಂದು. ಆ ಕಡು ಬೇಸಿಗೆಯಲ್ಲಿ ಬನಹಟ್ಟಿಯಿಂದ ಮತ್ತೆ ಮತ್ತೆ ಬಂದು, ಹಸಿ ಇದೆಯೋ ಒಣಗಿದೆಯೋ ಎಂದು ಮುಟ್ಟಿ ನೋಡಿ ಹೋದ. ಬಿಸಿಲಿಗೆ ಇವನೇ ಮಷೀನಿಗಿಂತ ಹೆಚ್ಚು ಒಣಗಿದ. ಮಧುಮತಿ ಕೂಡ ಪೇಟೆಯ ಕುಂಚಿಗಿಯ ಮಾತು ಬಿಟ್ಟು, ಮೋಡ ಕಂಡರೆ ಓಡಿಹೋಗಿ ಮಷೀನು ಒಳಗಿಡತೊಡಗಿದಳು.

ಅಮಾವಾಸ್ಯೆ ದಾಟಿತು. ತೊಟ್ಟಿಲ ಹಿಂದಿನ ದಿನ ಶಂಕ್ರೆವ್ವ ಹಸಿರು ಖಣದ ತುಂಡು ಹಿಡಿದು ಕೂತಳು. ಪ್ರೀತಿ ದಾರ ಪೋಣಿಸಿದಳು. ಚಿದಾನಂದ ಹೊಸ್ತಿಲಲ್ಲೇ ನಿಂತಿದ್ದ. ಒಳಗೆ ಹೋಗುವ ಧೈರ್ಯ ಇರಲಿಲ್ಲ. ಗಾಲಿ ತಿರುಗಿತು, ಟಕಟಕ ಟಕಟಕ. ನಿಂತಿತು. ಮುದುಕಿಯ ಬೆರಳು ಅಂಚನ್ನು ಸವರುತ್ತ ಬಂದು ಒಂದು ಕಡೆ ತಂಗಿತು. ಅವಳು ಬಟ್ಟೆ ಎಳೆದಳು. ಬಟ್ಟೆ ಸರಾಗವಾಗಿ ಬಂತು.

"ಅಯ್ಯ ನಮ್ಮವ್ವ, ಬಂದಿ?" ಎಂದಳು ಶಂಕ್ರೆವ್ವ, ಮಷೀನಿಗೆ.

ಚಿದಾನಂದ ಹೊರಗೆ ತಿರುಗಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಅವನ ಕೈಯಿಂದ ಎಂಥೆಂಥ ಯಂತ್ರಗಳು ಹೊಳೆದು ಹೋಗಿವೆ. ಕನ್ನಡಿಯಂಥ ಗಾಲಿಯ ಮೇಲೆ ಬೂದಿ ಮೆತ್ತಿದ ಈ ಒಂದರಷ್ಟು ಕುರೂಪ ಯಾವುದೂ ಇಲ್ಲ. ಅವನು ಮಾಡಿದ ಕೆಲಸಗಳಲ್ಲಿ ಇದೇ ದೊಡ್ಡದು ಎಂದು ನಾನಂತೂ ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಮರುದಿನ ಕೂಸಿಗೆ ಕುಂಚಿಗಿ ತೊಡಿಸಿ ತೊಟ್ಟಿಲಿಗೆ ಹಾಕಿದರು. ಊಟವಾದ ಮೇಲೆ ಶಂಕ್ರೆವ್ವ ಅವನನ್ನು ಹತ್ತಿರ ಕರೆದು ಕೂರಿಸಿಕೊಂಡಳು.

"ತಮ್ಮಾ, ಅವತ್ತ ಕೇಳಿದ್ದೆಲ್ಲಾ ನೀ. ನನ್ನ ಹಿಂದ ಮಷೀನ ನೀನ ಒಯ್ಯಿ. ನಿನ್ನ ಹಂತೇಕ ಇದ್ರ ಛಲೋ ಇರತೈತಿ. ಮನ್ಯಾಗ ಎಲ್ಲಾರಿಗೂ ಹೇಳೇನಿ."

ಚಿದಾನಂದ ನವಿಲಿನ ಕಡೆ ನೋಡಿದ. ಆಸೆ ಇರಲಿಲ್ಲ ಎಂದರೆ ಸುಳ್ಳಾದೀತು. ತೊಟ್ಟಿಲಲ್ಲಿ ಕೂಸು ಕುಂಚಿಗಿಯೊಳಗೆ ಮುಖ ಕಿವುಚಿ ಆಕಳಿಸಿತು.

"ಬ್ಯಾಡ ಆಯಿ," ಎಂದ. "ಇದು ಅಕಿದು. ಖಂಡೇನವಮಿಗೆ ಬರತೇನಿ. ಸೂಜಿ ಮ್ಯಾಲೆತ್ತಿ ಇಟ್ಟಿರಿ."